ಹಾಸನದ ಶಾಖೆಯಲ್ಲಿ ಮೂರೂವರೆ ವರ್ಷ: ವೇಗವಾಗಿ ಬೆಳೆದ ಸಾಫ್ಟ್‌ವೇರ್ ಕಂಪನಿಯೊಂದರ ನೌಕರಿ

ಔಷಧಿ ಅಂಗಡಿಗಳಿಗೂ ದಿನಸಿ ಸಗಟು ಮಳಿಗೆಗಳಿಗೂ ಬಿಲ್ಲಿಂಗ್ ಸಾಫ್ಟ್‌ವೇರ್ ಒದಗಿಸುವ, ಬೆಂಗಳೂರಿನಲ್ಲಿ ಮುಖ್ಯ ಕಚೇರಿ ಇರುವ ಕಂಪನಿಯೊಂದರ ಹಾಸನ ಶಾಖೆಗೆ ನಾನು 2022ರ ಜುಲೈಯಲ್ಲಿ ಸೇರಿದೆ. ಆಗ ಸಾಲಗಾಮೆ ರಸ್ತೆಯ ಮನೆಯೊಂದರ ಮೊದಲ ಮಹಡಿಯಲ್ಲಿ ನಾವು ಹದಿನಾಲ್ಕು ಜನರಿದ್ದೆವು. ಈಗ ತೊಂಬತ್ತು ದಾಟಿದ್ದೇವೆ. ಅದೇ ರಸ್ತೆಯಲ್ಲಿರುವ, 1960ರಲ್ಲಿ ಆರಂಭವಾದ ಮಲೆನಾಡು ಎಂಜಿನಿಯರಿಂಗ್ ಕಾಲೇಜಿನಿಂದ ಪ್ರತಿ ವರ್ಷ ಹೊರಬರುವ ಹುಡುಗ ಹುಡುಗಿಯರಲ್ಲಿ ಯಾರಾದರೊಬ್ಬರು "ಅಕ್ಕ, ನಿಮ್ಮ ಕಂಪನಿಗೆ ಸೇರಬಹುದಾ?" ಎಂದು ಕೇಳುತ್ತಾರೆ. ಫೋನಿನಲ್ಲಿ ಅರೆಬರೆಯಾಗಿ ಹೇಳಿದ್ದನ್ನು ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ. ಇಂದಿಗೂ ಅಲ್ಲೇ ದುಡಿಯುತ್ತಿರುವುದರಿಂದ ಕಂಪನಿಯ ಹೆಸರನ್ನು ಬರೆದಿಲ್ಲ.

ಮೊದಲು ಮೆಚ್ಚಿದ್ದನ್ನು ಹೇಳುತ್ತೇನೆ. ಸೇರಿದ ಎರಡನೆಯ ವಾರ ನಮ್ಮ ಟೀಮ್ ಲೀಡ್ ಮೂವರು ಹೊಸಬರನ್ನು ಬಿ.ಎಂ. ರಸ್ತೆಯ ಔಷಧಿ ಅಂಗಡಿಯೊಂದಕ್ಕೆ ಕಳುಹಿಸಿ, ಎರಡು ದಿನ ಕೌಂಟರಿನ ಹಿಂದೆ ಸುಮ್ಮನೆ ಕುಳಿತು ನೋಡಿ ಬನ್ನಿ ಎಂದರು. ಅಂಗಡಿಯ ಯಜಮಾನರು ಎಡಗೈಯಲ್ಲಿ ಮಾತ್ರೆಯ ಪಟ್ಟಿ ಹಿಡಿದು, ಬಲಗೈಯ ಒಂದೇ ಬೆರಳಿನಲ್ಲಿ ಟೈಪ್ ಮಾಡುತ್ತಿದ್ದರು. ಪಟ್ಟಿಯ ಮೇಲೆ ಅವಧಿ ಮುಗಿಯುವ ತಿಂಗಳು ಮತ್ತು ವರ್ಷ ಮಾತ್ರ ಮುದ್ರಿತವಾಗಿದ್ದರೆ, ನಮ್ಮ ಸಾಫ್ಟ್‌ವೇರ್ ದಿನಾಂಕವನ್ನೂ ಕೇಳುತ್ತಿತ್ತು. ಅವರು ಪ್ರತಿ ಸಲವೂ ಒಂದನೆಯ ತಾರೀಕು ಎಂದು ತುಂಬುತ್ತಿದ್ದರು. "ನೋಡಮ್ಮ, ಸಂಜೆ ಹೊತ್ತು ಹತ್ತು ಜನ ನಿಂತಿರ್ತಾರೆ, ಈ ಒಂದು ಖಾನೆ ತೆಗೆದುಬಿಟ್ರೆ ನನಗೆ ಎಷ್ಟೋ ಅನುಕೂಲ" ಎಂದರು. ಆ ವಾರವೇ ನಾವು ಅದನ್ನು ತೆಗೆದೆವು. ಕೆಲಸಕ್ಕೆ ಸೇರಿ ಇಪ್ಪತ್ತು ದಿನವೂ ಆಗಿರದ ನಾನು ಮಾಡಿದ ತಿದ್ದುಪಡಿ ರಾಜ್ಯದ ಉದ್ದಗಲಕ್ಕೂ ಅಂಗಡಿಗಳನ್ನು ತಲುಪಿತು. ದೊಡ್ಡ ಕಂಪನಿಗಳಿಗೆ ಸೇರಿದ ನನ್ನ ಸಹಪಾಠಿಗಳು ಆ ಹೊತ್ತಿನಲ್ಲಿ ಇನ್ನೂ ತರಬೇತಿಯಲ್ಲಿದ್ದರು. ನಮ್ಮಲ್ಲಿ ಯಾರನ್ನು ಕೇಳಿದರೂ ಮೊದಲು ನೆನೆಯುವುದು ಇಂಥದ್ದೇ ಒಂದು ದಿನವನ್ನು.

2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ (ಸರ್ಕಾರದ ಪೋರ್ಟಲಿನಲ್ಲಿ ದಾಖಲಿಸಬೇಕಾದ ಬಿಲ್ಲು) ಕಡ್ಡಾಯವಾಗುವ ವಾರ್ಷಿಕ ವಹಿವಾಟಿನ ಮಿತಿ 10 ಕೋಟಿ ರೂಪಾಯಿಯಿಂದ 5 ಕೋಟಿಗೆ ಇಳಿಯಿತು. ಅಲ್ಲಿಯವರೆಗೆ ಹಳೆಯ ಸಾಫ್ಟ್‌ವೇರಿನಲ್ಲೇ ಕಾಲ ತಳ್ಳುತ್ತಿದ್ದ ಸಗಟು ವ್ಯಾಪಾರಿಗಳು ನಮ್ಮಲ್ಲಿಗೆ ಬಂದರು. ಅವರ ಬೆನ್ನಿಗೆ ಹೂಡಿಕೆದಾರರ ಹಣವೂ, ಹಣದ ಹಿಂದೆ ಹೊಸ ನೇಮಕಾತಿಗಳೂ ಬಂದವು. ಬೆಂಗಳೂರಿನಲ್ಲಿ, ಸಾಫ್ಟ್‌ವೇರಿನಲ್ಲಿ ಏನಿರಬೇಕೆಂದು ತೀರ್ಮಾನಿಸುವ ಪ್ರಾಡಕ್ಟ್ ವಿಭಾಗವೆಂಬುದೊಂದು ಹುಟ್ಟಿತು, ಅಂಗಡಿಗೆ ಹೋಗಿ ಕೂರುವ ಪದ್ಧತಿ ನಿಂತುಹೋಯಿತು. ಈಗ ನಮಗೆ ಬರುವುದು ಟಿಕೆಟ್ ಮಾತ್ರ. ಅದರಲ್ಲಿ ಏನು ಮಾಡಬೇಕೆಂದು ಬರೆದಿರುತ್ತದೆ, ಯಾರಿಗಾಗಿ ಎಂಬುದು ಇರುವುದಿಲ್ಲ. ಕಳೆದ ವರ್ಷ ಸೇರಿದವರಲ್ಲಿ ಬಹುತೇಕರು ನಮ್ಮ ಸಾಫ್ಟ್‌ವೇರ್ ಬಳಸುವ ಒಬ್ಬ ವ್ಯಾಪಾರಿಯನ್ನೂ ಕಂಡಿಲ್ಲ, ಅದೇ ಬಿ.ಎಂ. ರಸ್ತೆಯ ಅಂಗಡಿಯಲ್ಲಿ ತಲೆನೋವಿನ ಮಾತ್ರೆ ಕೊಂಡರೂ, ಅಲ್ಲಿನ ಪರದೆಯ ಮೇಲಿರುವುದು ತಮ್ಮದೇ ಕೆಲಸವೆಂದು ಅವರಿಗೆ ಗೊತ್ತಿಲ್ಲ. ನನ್ನ ಮಟ್ಟಿಗೆ ಈ ಕಂಪನಿಯ ಅತಿ ದೊಡ್ಡ ನಷ್ಟ ಇದು. ಸಂಬಳದ ಕುರಿತ ಯಾವ ದೂರನ್ನೂ ನಾನು ಇದಕ್ಕಿಂತ ಮೇಲೆ ಇಡಲಾರೆ.

ಎರಡನೆಯ ದೂರು ರಾತ್ರಿಯ ಕರೆಗಳದ್ದು. ಪ್ರತಿ ತಿಂಗಳೂ ವಿವರ ಸಲ್ಲಿಸುವ ವ್ಯಾಪಾರಿಗಳಿಗೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1ರ ಕೊನೆಯ ದಿನ 11, ತೆರಿಗೆ ಲೆಕ್ಕ ಸಲ್ಲಿಸುವ ಜಿಎಸ್‌ಟಿಆರ್-3ಬಿಯದು 20. ಹೀಗಾಗಿ ತಿಂಗಳಿಗೆ ಎರಡು ಸಲ ನಮ್ಮ ಫೋನು ನಡುರಾತ್ರಿಯವರೆಗೂ ಬಡಿದುಕೊಳ್ಳುವುದು ಮೊದಲೇ ತಿಳಿದ ಸಂಗತಿ. ಆದರೂ ಆ ಕರೆಗಳಿಗೆ ಉತ್ತರಿಸುವ ಆನ್-ಕಾಲ್ ಪಾಳಿಯಲ್ಲಿ ಮತ್ತೆ ಮತ್ತೆ ಬರುವುದು ಅವೇ ಮೂರು ಹೆಸರುಗಳು, ಏಕೆಂದರೆ ಸಾಫ್ಟ್‌ವೇರಿನ ಹಳೆಯ ಭಾಗ ಹೇಗೆ ನಡೆಯುತ್ತದೆಂದು ಬಲ್ಲವರು ಆ ಮೂವರೇ ಮತ್ತು ಅವರಿಗೆ ತಿಳಿದದ್ದನ್ನು ಬರೆದಿಡಲು ಯಾರೂ ಬಿಡುವು ಮಾಡಿಕೊಟ್ಟಿಲ್ಲ. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961, ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಯ ಮಿತಿ ಹಾಕುತ್ತದೆ, ಅದನ್ನು ಮೀರಿದ ದುಡಿಮೆಗೆ ಇಮ್ಮಡಿ ಕೂಲಿ ಕೊಡಬೇಕೆನ್ನುತ್ತದೆ. ನಮ್ಮ ಆಫರ್ ಲೆಟರಿನಲ್ಲಿರುವುದು "ಕೆಲಸದ ಅಗತ್ಯಕ್ಕೆ ತಕ್ಕಂತೆ" ಎಂಬ ಮಾತು. ಆಲೂರಿನಿಂದ ಬರುವ ನನ್ನ ಸಹೋದ್ಯೋಗಿಗೆ 20ರ ರಾತ್ರಿಯೆಂದರೆ ಕೊನೆಯ ಬಸ್ಸು ತಪ್ಪುವ ರಾತ್ರಿ; ಅಂದು ಆಕೆ ನಮ್ಮ ಮನೆಯಲ್ಲೇ ಉಳಿಯುತ್ತಾಳೆ.

ಆದರೂ ನ್ಯಾಯವಾಗಿ ಹೇಳಬೇಕಾದ ಒಂದು ದಿನವಿದೆ. 2025ರ ಸೆಪ್ಟೆಂಬರ್ 3ರಂದು ಜಿಎಸ್‌ಟಿ ಮಂಡಳಿ ತೆರಿಗೆ ದರಗಳನ್ನು ಬದಲಿಸಲು ತೀರ್ಮಾನಿಸಿತು, 22ರಿಂದ ಹೊಸ ದರ ಜಾರಿಯೆಂದಿತು. ಶೇ 12ರಲ್ಲಿದ್ದ ಬಹುತೇಕ ಔಷಧಿಗಳು ಶೇ 5ಕ್ಕೆ ಇಳಿದವು. ಹಳೆಯ ಬೆಲೆ ಮುದ್ರಿತವಾಗಿದ್ದ ದಾಸ್ತಾನನ್ನೂ ಇಳಿದ ಬೆಲೆಗೇ ಮಾರಬೇಕಾಗಿತ್ತು. ನಮಗೆ ಸಿಕ್ಕಿದ್ದು ಮೂರು ವಾರಕ್ಕೂ ಕಡಿಮೆ. 21ರ ಭಾನುವಾರ ಮಹಾಲಯ ಅಮಾವಾಸ್ಯೆ. ಮನೆಗಳಲ್ಲಿ ಹಿರಿಯರಿಗೆ ಎಡೆ ಇಡುವ ಹೊತ್ತಿನಲ್ಲಿ ನಮ್ಮಲ್ಲಿ ಹಲವರು ಕಚೇರಿಯಲ್ಲಿದ್ದೆವು, ಅಮ್ಮಂದಿರು ಕಟ್ಟಿಕೊಟ್ಟ ವಡೆ ಪಾಯಸ ಕಚೇರಿಗೇ ಬಂತು. ಮರುದಿನ ಬೆಳಿಗ್ಗೆ ಅಂಗಡಿಗಳು ತೆರೆದು, ಬಿಲ್ಲು ಸರಿಯಾಗಿ ಬರುತ್ತಿದೆಯೆಂಬ ಕರೆಗಳು ಒಂದರ ಹಿಂದೊಂದು ಬಂದಾಗ ಆದ ಸಂತೋಷ ನಿಜವಾದದ್ದು. ಅದಕ್ಕೆ ಬದಲಿ ರಜೆ ಕೇಳಿ ಪಡೆಯಲು ಜನವರಿಯವರೆಗೂ ಕಾಯಬೇಕಾದದ್ದೂ ಅಷ್ಟೇ ನಿಜ.

ಸಂಬಳ ಹಾಸನದ ಮಟ್ಟಿಗೆ ಚೆನ್ನಾಗಿದೆ, ತಪ್ಪದೆ ತಿಂಗಳ ಕೊನೆಯ ದಿನ ಬರುತ್ತದೆ. ಆದರೆ ಸಿಟಿಸಿ (ನೌಕರರೊಬ್ಬರಿಗೆ ಕಂಪನಿ ಮಾಡುವ ಒಟ್ಟು ಖರ್ಚು) ಎಂದು ಹೇಳುವ ಮೊತ್ತವನ್ನು ಬಿಡಿಸಿ ನೋಡಬೇಕು. ಅದರೊಳಗೆ ಭವಿಷ್ಯ ನಿಧಿಗೆ ಕಂಪನಿ ಕಟ್ಟುವ ಪಾಲೂ ಕೆಲಸ ಬಿಡುವಾಗ ಸೇವೆಗಾಗಿ ಕೊಡುವ ಗ್ರಾಚ್ಯುಟಿಗೆಂದು ಮೂಲ ವೇತನದ ಶೇ 4.81ರಷ್ಟೂ ಸೇರಿವೆ. ಕಾಯಂ ನೌಕರರಿಗೆ ಐದು ವರ್ಷದ ಸೇವೆ ತುಂಬದೆ ಗ್ರಾಚ್ಯುಟಿ ಸಿಗದು, ನಮ್ಮಲ್ಲಿ ಹೆಚ್ಚಿನವರು ಮೂರನೆಯ ವರ್ಷದಲ್ಲೇ ಬಿಡುತ್ತಾರೆ. ಇಸಾಪ್ ಎಂದು ಕೊಡುವ, ಕಂಪನಿಯ ಷೇರನ್ನು ನಿಗದಿತ ಬೆಲೆಗೆ ಕೊಳ್ಳುವ ಹಕ್ಕಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಹಕ್ಕು ಕೊಟ್ಟ ಮೇಲೆ ಕನಿಷ್ಠ ಒಂದು ವರ್ಷ ಕಾಯದೆ ಷೇರು ಕೈಗೆ ಬರುವುದಿಲ್ಲ. ಕೊಂಡ ದಿನವೇ ಮಾರುಕಟ್ಟೆ ಮೌಲ್ಯಕ್ಕೂ ನಾವು ತೆತ್ತ ಬೆಲೆಗೂ ಇರುವ ವ್ಯತ್ಯಾಸವನ್ನು ಸಂಬಳದ ಆದಾಯವೆಂದು ಲೆಕ್ಕ ಹಾಕುತ್ತಾರೆ. ಷೇರುಪೇಟೆಯಲ್ಲಿ ಪಟ್ಟಿಯಾಗದ ಕಂಪನಿಯ ಷೇರು ಕೊಳ್ಳುವವರಿಲ್ಲದೆ ಕೈಯಲ್ಲೇ ಉಳಿದಿರುವಾಗಲೂ ತೆರಿಗೆಯ ಹೊಣೆ ತಲೆಯ ಮೇಲೆ ಬರಬಹುದು. ಸೇರುವಾಗ ಇದನ್ನು ನನಗೆ ಯಾರೂ ಹೇಳಿರಲಿಲ್ಲ.

ಊರಿನಲ್ಲೇ ಇದ್ದು ದುಡಿಯುವ ಸುಖವನ್ನು ಅಳೆಯುವುದು ಕಷ್ಟ. ಅಪ್ಪನಿಗೆ ಹುಷಾರಿಲ್ಲದ ಮೂರು ತಿಂಗಳೂ ನಾನು ಮಧ್ಯಾಹ್ನ ಮನೆಗೆ ಹೋಗಿ ಊಟ ಮಾಡಿಸಿ ಬರುತ್ತಿದ್ದೆ. 2017ರಲ್ಲಿ ಶ್ರವಣಬೆಳಗೊಳ, ಕುಣಿಗಲ್ ಮಾರ್ಗದ ರೈಲು ಶುರುವಾದ ಮೇಲೆ ತಿಂಗಳಿಗೊಮ್ಮೆ ಬೆಂಗಳೂರಿನ ಸಭೆಗೆ ಹೋಗುವುದೂ ಹೊರೆಯಲ್ಲ. ಆದರೆ ಕಳೆದ ಎರಡು ಅಪ್ರೈಸಲ್‌ಗಳಲ್ಲಿ (ಕೆಲಸದ ಮೌಲ್ಯಮಾಪನ) ಮ್ಯಾನೇಜರ್ ಆದವರೆಲ್ಲ ಬೆಂಗಳೂರಿನ ಕಚೇರಿಯವರೇ. ವರ್ಷಕ್ಕೊಮ್ಮೆ ಹಾಸನಾಂಬೆಯ ಬಾಗಿಲು ತೆರೆದು, ಮನೆ ತುಂಬ ನೆಂಟರು ಬಂದಿರುವ ದಿನಗಳಿಗೆ ರಜಾ ಪಟ್ಟಿಯಲ್ಲಿ ಜಾಗವಿಲ್ಲದಿರುವುದೂ ಆ ದೂರದ ಫಲವೇ.

ಬೇಗ ಕಲಿಯುವ ಹಂಬಲವಿರುವ ಹೊಸಬರಿಗೆ ಎರಡು ವರ್ಷದ ಮಟ್ಟಿಗೆ ಈ ಕೆಲಸವನ್ನು ನಾನು ಧೈರ್ಯವಾಗಿ ಸೂಚಿಸುತ್ತೇನೆ. ಮನೆಯಲ್ಲಿ ಚಿಕ್ಕ ಮಕ್ಕಳಿರುವವರು ಪಾಳಿ ಪಟ್ಟಿಯನ್ನು ಕಣ್ಣಾರೆ ನೋಡದೆ ಒಪ್ಪಬಾರದು. ಸಂದರ್ಶನದ ಕೊನೆಗೆ ಪ್ರಶ್ನೆ ಕೇಳಲು ಅವಕಾಶ ಕೊಟ್ಟಾಗ, ಕಳೆದ ತಿಂಗಳ 20ರ ರಾತ್ರಿ ಕರೆ ತೆಗೆದುಕೊಂಡವರು ಯಾರೆಂದೂ ಅದರ ಹಿಂದಿನ ತಿಂಗಳು ಯಾರೆಂದೂ ಕೇಳಿರಿ. ನನ್ನ ಮುಂದಿನ ಅಪ್ರೈಸಲ್ ಏಪ್ರಿಲ್‌ನಲ್ಲಿದೆ. ಹೊಸಬರನ್ನು ತಿಂಗಳಿಗೊಂದು ದಿನ ಅಂಗಡಿಯ ಕೌಂಟರಿನ ಹಿಂದೆ ಕೂರಿಸಬೇಕೆಂದು ಸಂಬಳದ ಬೇಡಿಕೆಗಿಂತ ಮೊದಲು ಬರೆದು ಕಳುಹಿಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.