‘ಡೈನಾಸ್ಟಿಸ್ ಆಫ್ ಇಂಡಿಯಾ’ ಕೊಳ್ಳುವ ಮುನ್ನ ಇದನ್ನು ಓದಿಬಿಡಿ

ಏಜ್ ಆಫ್ ಎಂಪೈರ್ಸ್ 2 ಎಂಬ ಕಂಪ್ಯೂಟರ್ ಯುದ್ಧದಾಟ ಆಡುವವರಿಗೆ, ಅದರ ಭಾರತದ ವಿಸ್ತರಣೆ (ಮೂಲ ಆಟಕ್ಕೆ ಸೇರಿಸುವ ಹೆಚ್ಚುವರಿ ಭಾಗ) ಕೊಳ್ಳಬೇಕೆಂದಿರುವವರಿಗೆ, ಅದರಲ್ಲೂ ಆನೆ ಚಿತ್ರ ಕಂಡ ಕೂಡಲೇ ಕೈ ಜೇಬಿಗೆ ಹೋಗುವವರಿಗೆ ಈ ಮಾತು.

ಅಗ್ಗಕ್ಕೆ ಗೇಮ್ ಕೀ (ಆಟವನ್ನು ತೆರೆಯುವ ಕೋಡ್) ಮಾರುವ ಒಂದು ವೆಬ್‌ಸೈಟ್‌ನಲ್ಲಿ ‘ಏಜ್ 2 ಇಂಡಿಯಾ ಎಕ್ಸ್‌ಪಾನ್ಷನ್’ ಅಂತ ಹಾಕಿದ್ದರು. ಹೆಸರು ಬೇಡ, ಇಂಥವು ನಾಯಿಕೊಡೆಗಳ ಹಾಗೆ ಏಳುತ್ತಲೇ ಇರುತ್ತವೆ. ಮುಂದೆ ಯುದ್ಧದ ಆನೆ, ಹಿಂದೆ ಗೋಪುರ, ಕೆಳಗೆ ‘ಇನ್‌ಸ್ಟಂಟ್ ಡೆಲಿವರಿ’. ದುಡ್ಡು ಕಟ್ಟಿದ ಮರುಕ್ಷಣ ಕೀ ಬಂತು, ಅದು ಸುಳ್ಳಲ್ಲ. ಆಟಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ಗೆ ಹಾಕಿದರೆ ತೆರೆದುಕೊಂಡದ್ದು ‘ರೈಸ್ ಆಫ್ ದಿ ರಾಜಾಸ್’!

ಹೆಸರು ಕೇಳಿದರೆ ಮೈಸೂರೋ ಜೈಪುರವೋ ಅನ್ನಿಸಬೇಕು. ಆದರೆ ಅದು 2016ರ ಡಿಸೆಂಬರ್‌ನಲ್ಲಿ ಆಟದ ಹಳೆಯ ಎಚ್‌ಡಿ ಆವೃತ್ತಿಗೆ ಬಂದ ಬೇರೊಂದು ವಿಸ್ತರಣೆ. ಅದರಲ್ಲಿ ಇರುವವರು ಬರ್ಮೀಯರು, ಖ್ಮೇರರು, ಮಲಯರು, ವಿಯೆಟ್ನಾಮೀಯರು; ಎಲ್ಲರೂ ಆಗ್ನೇಯ ಏಷ್ಯಾದವರು. ಈ ನಾಲ್ವರೂ 2019ರ ಹೊಸ ಆವೃತ್ತಿಯಾದ ಡೆಫಿನಿಟಿವ್ ಎಡಿಶನ್‌ನಲ್ಲಿ ಮೊದಲೇ ಸೇರಿದ್ದಾರೆ. ನನ್ನ ಬಳಿ ಇರುವುದು ಅದೇ ಆವೃತ್ತಿ. ಅಲ್ಲಿಗೆ ಆ ಕೀ ಮೂರು ಕಾಸಿಗೂ ಬೇಡ. ಚಾಟ್‌ನಲ್ಲಿ ಕೇಳಿದರೆ, ‘ರಾಜಾ ಅಂದ್ರೆ ಇಂಡಿಯಾನೇ ತಾನೇ ಸರ್?’ ಎಂಬ ಉತ್ತರ. ಜಗ್ಗಾಡಿದ ಮೇಲೆ, ‘ಕೀ ಬಳಕೆಯಾಗಿದೆ, ಹಣ ವಾಪಸ್ ಇಲ್ಲ’ ಎಂದು ಚಾಟ್ ಮುಚ್ಚಿದರು. ಕಾರ್ಡಿನಲ್ಲಿ ಕಟ್ಟಿ ಹೀಗೆ ಸಿಕ್ಕಿಬಿದ್ದವರು ತಡಮಾಡದೆ ಬ್ಯಾಂಕಿಗೆ ದೂರು ಕೊಡಿ. ಪುಟದ ಸ್ಕ್ರೀನ್‌ಶಾಟ್ ಮೊದಲೇ ತೆಗೆದಿಟ್ಟುಕೊಳ್ಳಿ, ದೂರು ಹೋದ ಮೇಲೆ ಪುಟದ ಹೆಸರು ಬದಲಾಗಿಬಿಡುತ್ತದೆ.

ನಿಜವಾದ ಭಾರತದ ವಿಸ್ತರಣೆ ‘ಡೈನಾಸ್ಟಿಸ್ ಆಫ್ ಇಂಡಿಯಾ’. ಬಂದದ್ದು 2022ರ ಏಪ್ರಿಲ್ 28ರಂದು, ಓಡುವುದು ಡೆಫಿನಿಟಿವ್ ಎಡಿಶನ್ ಮೇಲೆ ಮಾತ್ರ. ಎಚ್‌ಡಿ ಇಟ್ಟುಕೊಂಡವರು ಮೊದಲು ಮೂಲ ಆಟವನ್ನೇ ಹೊಸದಾಗಿ ಕೊಳ್ಳಬೇಕು. ಕೊನೆಗೆ ಸ್ಟೀಮ್‌ನಿಂದಲೇ ನೇರವಾಗಿ ತೆಗೆದುಕೊಂಡೆ. ಈಗ ಆಟದ ಮಾತಿಗೆ ಬರೋಣ, ಏಕೆಂದರೆ ಸರಿಯಾದ ಅಂಗಡಿಯಲ್ಲಿ ಕೊಂಡವರಿಗೂ ಇದರಲ್ಲಿ ಗೊತ್ತಿರಬೇಕಾದ ಸಂಗತಿಗಳಿವೆ.

ಮೊದಲು ಒಳ್ಳೆಯದು. 2013ರಿಂದ ಈ ಆಟದಲ್ಲಿ ಇಡೀ ಭಾರತಕ್ಕೆ ‘ಇಂಡಿಯನ್ಸ್’ ಎಂಬ ಒಂದೇ ಪಂಗಡವಿತ್ತು. ಅದು ‘ಹಿಂದೂಸ್ತಾನಿ’ಗಳಾಯಿತು, ಜೊತೆಗೆ ಬಂಗಾಳಿಗಳು, ಗುರ್ಜರರು, ದ್ರಾವಿಡರು ಬಂದರು. ಆಡುವ ರೀತಿಯೂ ಒಬ್ಬರದು ಒಬ್ಬರಂತಿಲ್ಲ. ಗುರ್ಜರರಲ್ಲಿ ಕುರಿಯನ್ನು ಕಡಿಯಬೇಕಾಗಿಲ್ಲ; ಗಿರಣಿಯೊಳಗೆ ಕಳಿಸಿದರೆ ಅಲ್ಲಿದ್ದುಕೊಂಡೇ ಅದು ನಿಧಾನಕ್ಕೆ ಆಹಾರ ಕೊಡುತ್ತದೆ. ಅವಸರಕ್ಕೆ ಕಡಿಯುವುದೋ, ಬಡ್ಡಿಗೆ ಬಿಡುವುದೋ ಎಂಬ ಲೆಕ್ಕ ಶುರುವಿನಲ್ಲೇ ತಲೆಗೆ ಬರುತ್ತದೆ. ಅವರ ಶ್ರೀವಂಶ ಸವಾರರು ಬಂದ ಬಾಣಗಳನ್ನು ತಪ್ಪಿಸಿಕೊಳ್ಳುತ್ತ ನುಗ್ಗುವುದನ್ನು ನೋಡುವುದೇ ಚಂದ. ಬಂಗಾಳಿಗಳ ರಥ ಬೇಕೆಂದಾಗ ಬಿಲ್ಲು ಹಿಡಿಯುತ್ತದೆ, ಬೇಕೆಂದಾಗ ಮೈಮೇಲೆ ಬೀಳುತ್ತದೆ. ಬಾಬರ್, ರಾಜೇಂದ್ರ ಚೋಳ, ದೇವಪಾಲ ಎಂಬ ಮೂರು ಕ್ಯಾಂಪೇನ್‌ಗಳಿವೆ, ಅಂದರೆ ಅಧ್ಯಾಯಗಳಾಗಿ ಆಡುವ ಕಥೆಗಳು. ಒಬ್ಬರೇ ಕೂತು ಆಡುವವರಿಗೆ ಇವಿಷ್ಟಕ್ಕೇ ಕೊಟ್ಟ ದುಡ್ಡು ಹುಟ್ಟುತ್ತದೆ.

ಎಡವಟ್ಟು ಇರುವುದು ದ್ರಾವಿಡರಲ್ಲಿ. ನಮ್ಮವರು ಸಹಜವಾಗಿಯೇ ಮೊದಲು ಆರಿಸುವುದು ಅವರನ್ನೇ. ಅವರಿಗೆ ನೈಟ್ ಎಂಬ ಕವಚ ತೊಟ್ಟ ಕುದುರೆ ಸವಾರ ಇಲ್ಲ, ಒಂಟೆಯೂ ಇಲ್ಲ. ಲಾಯದಲ್ಲಿ ಸಿಗುವುದು ಹಗುರ ಕುದುರೆ ಮತ್ತು ಆನೆ. ಅರೇಬಿಯಾದಂಥ ಬಯಲು ಮ್ಯಾಪ್‌ನಲ್ಲಿ ಆಟದ ಮೂರನೆಯ ಯುಗವಾದ ಕ್ಯಾಸಲ್ ಏಜ್ ತಲುಪುತ್ತಿದ್ದಂತೆ ಎದುರಾಳಿಯ ನಾಲ್ಕು ನೈಟ್‌ಗಳು ಸೌದೆ ಕಡಿಯುವ ವಿಲೇಜರ್‌ಗಳ ಮಧ್ಯೆ ನುಗ್ಗುತ್ತವೆ. ನಮ್ಮ ಆನೆ ತೂಗಾಡಿಕೊಂಡು ಅಲ್ಲಿಗೆ ಬರುವ ಹೊತ್ತಿಗೆ ಅವು ಚಿನ್ನದ ಗಣಿಯ ಹತ್ತಿರ ಇರುತ್ತವೆ. ಆನೆಯನ್ನು ಒಟ್ಟುಗೂಡಿಸಿ ಎದುರಾಳಿಯ ಊರಿಗೇ ನುಗ್ಗೋಣವೆಂದರೆ ಅಲ್ಲೊಬ್ಬ ಸನ್ಯಾಸಿ ಕೂಗಿ ಅದನ್ನು ತನ್ನ ಕಡೆಗೆ ಸೆಳೆದುಕೊಳ್ಳುತ್ತಾನೆ. ಕಾಲಾಳುಗಳನ್ನು ತಯಾರಿಸುವ ಬ್ಯಾರಕ್‌ನ ಸುಧಾರಣೆಗಳು ಅರ್ಧ ಬೆಲೆಗೆ ಸಿಗುತ್ತವೆ, ವೂಟ್ಜ್ ಸ್ಟೀಲ್ ಎಂಬ ಸುಧಾರಣೆ ಬಂದ ಮೇಲೆ ಕಾಲಾಳುಗಳ ಏಟಿಗೆ ಯಾವ ಕವಚವೂ ತಡೆಯಲ್ಲ, ನಿಜ. ಅಲ್ಲಿಯವರೆಗೆ ಉಸಿರು ಹಿಡಿದಿರಬೇಕಲ್ಲ! ಇದೇ ದ್ರಾವಿಡರನ್ನು ನೀರಿರುವ ಮ್ಯಾಪ್‌ಗೆ ಕರೆದುಕೊಂಡು ಹೋಗಿ ನೋಡಿ. ಪ್ರತಿ ಯುಗಕ್ಕೆ ಏರಿದಾಗ 200 ಮರ ಉಚಿತ, ಮೀನುಗಾರರು ಹೊರುವುದು ಹೆಚ್ಚು, ಕೊನೆಗೆ ತಿರಿಸಡೈ ಎಂಬ ದೊಡ್ಡ ಹಡಗು. ಅಲ್ಲಿ ಅವರನ್ನು ಕೆಣಕಲು ಯಾರಾದರೂ ಹೆದರಬೇಕು.

ಇನ್ನು ಕರ್ನಾಟಕದ ಆಸೆ ಇಟ್ಟುಕೊಂಡು ಕೊಳ್ಳಬೇಡಿ. ಚೋಳ, ಚಾಲುಕ್ಯ, ಹೊಯ್ಸಳ, ಕಾಕತೀಯ, ವಿಜಯನಗರ ಎಲ್ಲವನ್ನೂ ದ್ರಾವಿಡರೆಂಬ ಒಂದೇ ಹೆಸರಿಗೆ ತುರುಕಿದ್ದಾರೆ. ಸೈನಿಕನನ್ನು ಕ್ಲಿಕ್ ಮಾಡಿದರೆ ತಮಿಳು. ನನಗೆ ತಮಿಳಿನ ಬಗ್ಗೆ ತಕರಾರಿಲ್ಲ, ಚೋಳರ ಕಥೆಗೆ ಅದೇ ಸರಿ. ತಕರಾರು ಬೇರೆ. ಕನೌಜಿಗಾಗಿ ನಡೆದ ಮೂರು ಕಡೆಯ ಕಾದಾಟದಲ್ಲಿ ಪಾಲರಿದ್ದರು, ಪ್ರತೀಹಾರರಿದ್ದರು, ಮಾನ್ಯಖೇಟದ ರಾಷ್ಟ್ರಕೂಟರಿದ್ದರು. ಪಾಲರಿಗೆ ಬಂಗಾಳಿಗಳ ಹೆಸರಲ್ಲಿ ಜಾಗ ಸಿಕ್ಕಿತು, ದೇವಪಾಲನಿಗೆ ಕ್ಯಾಂಪೇನೂ ಸಿಕ್ಕಿತು. ಪ್ರತೀಹಾರರಿಗೆ ಗುರ್ಜರರು ಇದ್ದಾರೆ. ಎಲ್ಲೋರಾದ ಕೈಲಾಸವನ್ನು ಕೊರೆಸಿದ ಮೂರನೆಯವರು ಮಾತ್ರ ಲೆಕ್ಕಕ್ಕಿಲ್ಲ. ಇಮ್ಮಡಿ ಪುಲಿಕೇಶಿಗೋ ಆರನೆಯ ವಿಕ್ರಮಾದಿತ್ಯನಿಗೋ ಕೃಷ್ಣದೇವರಾಯನಿಗೋ ಈ ವಿಸ್ತರಣೆಯಲ್ಲಿ ಕ್ಯಾಂಪೇನ್ ಇಲ್ಲ. ರಾಜೇಂದ್ರನ ಕಥೆಯೆಂದರೆ ಕಲ್ಯಾಣದ ಚಾಲುಕ್ಯರ ಹಗೆಯ ಕಥೆ ಎಂಬುದನ್ನೂ ನೆನಪಿಟ್ಟುಕೊಂಡು ಕೂರಿ.

ಮಲ್ಟಿಪ್ಲೇಯರ್‌ಗೆಂದೇ ಯೋಚಿಸುತ್ತಿದ್ದರೆ ಅವಸರ ಬೇಡ. ಕೊಳ್ಳದವರೂ ಈ ಪಂಗಡಗಳ ಎದುರು ಆಡಬಹುದು, ತಾವೇ ಆರಿಸಿಕೊಳ್ಳಲು ಮಾತ್ರ ಆಗುವುದಿಲ್ಲ. ಸ್ಟೀಮ್‌ನಲ್ಲೇ ಕೊಂಡರೆ 14 ದಿನದೊಳಗೆ, ಕೊಂಡ ನಂತರ ಮೂಲ ಆಟವನ್ನು 2 ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್ ಕೇಳಬಹುದು. ಹೊರಗಿನಿಂದ ತಂದ ಕೀಗೆ ಆ ಭಾಗ್ಯವಿಲ್ಲ. ರಾಜೇಂದ್ರನ ಮೊದಲ ಅಧ್ಯಾಯ ಒಂದು, ದ್ರಾವಿಡರನ್ನು ಹಿಡಿದು ಅರೇಬಿಯಾದಲ್ಲಿ ಒಂದು ಪಂದ್ಯ: ಎರಡಕ್ಕೂ ಆ ಸಮಯ ಸಾಕು. ಎರಡನೆಯದಂತೂ ಬೇಗನೇ ಮುಗಿಯುತ್ತದೆ.