ಎರಡೂವರೆ ವರ್ಷ ಬಳಸಿದ ಸೈಂಟಿಫಿಕ್ ಕ್ಯಾಲ್ಕ್ಯುಲೇಟರ್: ಕೇಳಿದ್ದಕ್ಕಷ್ಟೇ ಉತ್ತರ ಕೊಡುವ ಯಂತ್ರ

ಬಿ.ಎಸ್ಸಿ. ಮೊದಲ ವರ್ಷದಲ್ಲಿ ಧಾರವಾಡದ ಸುಭಾಸ ರಸ್ತೆಯ ಒಂದು ಅಂಗಡಿಯಲ್ಲಿ ಈ ಕ್ಯಾಲ್ಕ್ಯುಲೇಟರನ್ನು 640 ರೂಪಾಯಿಗೆ ಕೊಂಡೆ. ಪಠ್ಯಪುಸ್ತಕದಲ್ಲಿರುವಂತೆಯೇ ಭಿನ್ನರಾಶಿ ಮತ್ತು ವರ್ಗಮೂಲಗಳನ್ನು ತೋರಿಸುವ ಇನ್ನೊಂದು ಮಾದರಿಯೂ ಅಲ್ಲಿತ್ತು. ಅದರ ಬೆಲೆ ಇದರ ಎರಡು ಪಟ್ಟು. ಆ ತಿಂಗಳ ಮೆಸ್ ಬಿಲ್ ಇನ್ನೂ ಬಾಕಿ ಇದ್ದುದರಿಂದ ಎರಡು ಸಾಲಿನ ಪರದೆಯ ಇದನ್ನೇ ಆರಿಸಿಕೊಂಡೆ. ಇದರಲ್ಲಿ ಎಷ್ಟು ಫಂಕ್ಷನ್‌ಗಳಿವೆ ಎಂಬುದು ಡಬ್ಬಿಯ ಮೇಲೆ ಅಚ್ಚಾಗಿರುವ ಕಾರಣ ಆ ವಿವರಗಳನ್ನು ಇಲ್ಲಿ ಬಿಡುತ್ತೇನೆ. ಎರಡು ವರ್ಷ ಇದನ್ನು ಪ್ರಯೋಗಾಲಯದ ಲೆಕ್ಕಗಳಿಗಷ್ಟೇ ಬಳಸಿದೆ. ಕೊನೆಯ ಆರು ತಿಂಗಳು ಒಂದು ಪ್ರವೇಶ ಪರೀಕ್ಷೆಗಾಗಿ ದಿನವೂ ಇದರೊಂದಿಗೆ ಕುಳಿತೆ. ಈ ವಿಮರ್ಶೆ ಹೆಚ್ಚಾಗಿ ಆ ಆರು ತಿಂಗಳ ಅನುಭವದಿಂದ ಹುಟ್ಟಿದ್ದು.

ಪರೀಕ್ಷೆ ಎಂ.ಎಸ್ಸಿ. ಪ್ರವೇಶಕ್ಕಾಗಿ ಐಐಟಿಗಳು ನಡೆಸುವ ಜ್ಯಾಮ್, ವಿಷಯ ಬಯೋಟೆಕ್ನಾಲಜಿ. ಜೀವಶಾಸ್ತ್ರದ ಜೊತೆಗೆ ರಸಾಯನಶಾಸ್ತ್ರ, ಭೌತಶಾಸ್ತ್ರ ಮತ್ತು ಸಂಖ್ಯಾಶಾಸ್ತ್ರವೂ ಸೇರಿದ ಗಣಿತದ ಪ್ರಶ್ನೆಗಳೂ ಅದರಲ್ಲಿರುತ್ತವೆ. ಪದವಿಯಲ್ಲಿ ನಾನು ಆರಿಸಿಕೊಂಡದ್ದು ರಸಾಯನಶಾಸ್ತ್ರ, ಸಸ್ಯಶಾಸ್ತ್ರ ಮತ್ತು ಪ್ರಾಣಿಶಾಸ್ತ್ರ. ಹಾಗಾಗಿ ಭೌತಶಾಸ್ತ್ರವನ್ನೂ ಗಣಿತವನ್ನೂ ದ್ವಿತೀಯ ಪಿಯುಸಿಯ ನಂತರ ಮುಟ್ಟಿಯೇ ಇರಲಿಲ್ಲ. ಟ್ರಂಕಿನಲ್ಲಿದ್ದ ಹಳೆಯ ಪಠ್ಯಪುಸ್ತಕಗಳನ್ನು ಊರಿನಿಂದ ತರಿಸಿ, ಮೋಲ್ ಎಂದರೇನು ಎಂಬಲ್ಲಿಂದಲೇ ಮತ್ತೆ ಆರಂಭಿಸಬೇಕಾಯಿತು. ಮೂರು ಗಂಟೆಗಳ ಆ ಪರೀಕ್ಷೆಯಲ್ಲಿ 60 ಪ್ರಶ್ನೆಗಳಿರುತ್ತವೆ. ಅವುಗಳಲ್ಲಿ 20 ಪ್ರಶ್ನೆಗಳಿಗೆ ಆಯ್ಕೆಗಳೇ ಇರುವುದಿಲ್ಲ, ಉತ್ತರದ ಸಂಖ್ಯೆಯನ್ನು ನಾವೇ ನಮೂದಿಸಬೇಕು. ನಾಲ್ಕು ಆಯ್ಕೆಗಳನ್ನು ನೋಡಿ ತಪ್ಪನ್ನು ಪತ್ತೆ ಹಚ್ಚುವ ಅವಕಾಶ ಅಲ್ಲಿಲ್ಲದ ಕಾರಣ, ಲೆಕ್ಕ ಹಾಕುವ ಸಾಧನದ ಗುಣ ಮತ್ತು ಕೊರತೆಗಳೆರಡೂ ಬಹಳ ಬೇಗ ಎದ್ದು ಕಾಣುತ್ತವೆ.

ನನ್ನ ದಿನಚರಿ ಹೀಗಿತ್ತು. ಬೆಳಿಗ್ಗೆ ಐದೂವರೆಗೆ, ಮೆಸ್ಸಿನಲ್ಲಿ ಚಹಾ ಆಗುವ ಮೊದಲೇ, ಹಾಸ್ಟೆಲಿನ ಓದುವ ಕೋಣೆಯ ಕಿಟಕಿಯ ಪಕ್ಕ ಕೂರುತ್ತಿದ್ದೆ. ಕ್ಯಾಲ್ಕ್ಯುಲೇಟರಿನ ಗಟ್ಟಿ ಮುಚ್ಚಳವನ್ನು ಕೆಳಕ್ಕೆ ಜಾರಿಸಿ ತೆಗೆದು ಅದರ ಬೆನ್ನಿಗೆ ಸಿಕ್ಕಿಸುವಾಗ ಬರುವ ಟಕ್ ಎಂಬ ಸದ್ದಿನೊಂದಿಗೇ ನನ್ನ ಓದು ಆರಂಭವಾಗುತ್ತಿತ್ತು. ನೋಟ್‌ಬುಕ್ಕಿನ ಪುಟವನ್ನು ಉದ್ದಕ್ಕೆ ಮಡಚಿ ಮೂರು ಅಂಕಣ ಮಾಡಿಕೊಳ್ಳುತ್ತಿದ್ದೆ: ಮೊದಲನೆಯದರಲ್ಲಿ ಮನಸ್ಸಿನಲ್ಲೇ ಮಾಡಿದ ಅಂದಾಜು, ಎರಡನೆಯದರಲ್ಲಿ ಸೂತ್ರ, ಮೂರನೆಯದರಲ್ಲಿ ಪರದೆಯ ಮೇಲೆ ಬಂದ ಉತ್ತರ. ಮೊದಲ ಕೆಲವು ತಿಂಗಳು ಅಂದಾಜಿನ ಅಂಕಣವನ್ನು ಸೋಮಾರಿತನದಿಂದ ಖಾಲಿ ಬಿಡುತ್ತಿದ್ದೆ ಎಂಬುದನ್ನು ಈಗಲೇ ಹೇಳಿಬಿಡಬೇಕು, ಏಕೆಂದರೆ ಮುಂದಿನ ತೊಂದರೆಗಳೆಲ್ಲ ಆ ಖಾಲಿ ಅಂಕಣದಿಂದಲೇ ಬಂದವು.

ಮೊದಲು ಸಂತೋಷದ ವಿಷಯ. ಹತ್ತರ ಘಾತವನ್ನು ನಮೂದಿಸಲು ಇರುವ ಎಕ್ಸ್‌ಪ್ ಕೀಲಿಯ ಬೆಲೆಯನ್ನು ನಾನು ತಿಳಿದದ್ದು ಅವೊಗಾಡ್ರೊ ಸಂಖ್ಯೆಯಿಂದ, ಅಂದರೆ ಒಂದು ಮೋಲ್‌ನಲ್ಲಿರುವ ಕಣಗಳ ಸಂಖ್ಯೆಯಿಂದ. ನೀರಿನ ಒಂದು ಅಣುವಿನ ದ್ರವ್ಯರಾಶಿಯನ್ನು ಕಂಡುಹಿಡಿಯಲು ಒಂದು ಮೋಲ್ ನೀರಿನ ದ್ರವ್ಯರಾಶಿಯಾದ 18 ಗ್ರಾಂ ಅನ್ನು 6.022 × 10²³ ರಿಂದ ಭಾಗಿಸಬೇಕು. ನಾನು ಆವರಣ ಚಿಹ್ನೆ ಹಾಕದೆ 18 ÷ 6.022 × 10 ಎಂದು ಒತ್ತಿ ಘಾತ 23 ಕೊಟ್ಟಾಗ, ಯಂತ್ರವು ಮೊದಲು ಭಾಗಿಸಿ, ಆ ಬಳಿಕ 10²³ ರಿಂದ ಗುಣಿಸಿ, 2.989 × 10²³ ಎಂದು ತೋರಿಸಿತು. ಸರಿಯಾದ ಉತ್ತರ 2.989 × 10⁻²³ ಗ್ರಾಂ. ಘಾತಕ್ಕಿಂತ ಮೊದಲಿನ ಅಂಕಿಗಳೆಲ್ಲ ಒಂದೇ ಆಗಿದ್ದುದರಿಂದ ಘಾತದ ಚಿಹ್ನೆಯ ಕಡೆಗೆ ಕಣ್ಣು ಹೋಗಲೇ ಇಲ್ಲ. ಆ ಉತ್ತರವನ್ನು ನಂಬಿದರೆ ನೀರಿನ ಒಂದೇ ಅಣು ಭೂಮಿಯ ದ್ರವ್ಯರಾಶಿಯ ಸುಮಾರು ಇಪ್ಪತ್ತು ಸಾವಿರದ ಒಂದು ಪಾಲಿನಷ್ಟು ತೂಗುತ್ತದೆ! ಎಕ್ಸ್‌ಪ್ ಕೀಲಿಯನ್ನು ಬಳಸಿದರೆ 6.022 × 10²³ ಒಂದೇ ಸಂಖ್ಯೆಯಾಗಿ ಯಂತ್ರದೊಳಗೆ ಹೋಗುತ್ತದೆ, ಈ ಗೊಂದಲ ಹುಟ್ಟುವುದೇ ಇಲ್ಲ. ಅಕ್ಕಪಕ್ಕದಲ್ಲಿರುವ ಲಾಗ್ (10 ರ ಆಧಾರದ ಲಾಗರಿದಮ್) ಮತ್ತು ಎಲ್‌ಎನ್ (e ಆಧಾರದ್ದು) ಕೀಲಿಗಳೂ ಹೀಗೆಯೇ ಪಾಠ ಕಲಿಸಿದವು. ಒಂದನೇ ದರ್ಜೆಯ ರಾಸಾಯನಿಕ ಕ್ರಿಯೆಯ ಅರ್ಧಾಯುವಿಗೆ ಬೇಕಾಗುವ 0.693 ಎಂಬುದು 2 ಕ್ಕೆ ಎರಡನೆಯ ಕೀಲಿಯಿಂದ ಬರುವ ಸಂಖ್ಯೆ; ಮೊದಲನೆಯದನ್ನು ಒತ್ತಿದರೆ 0.301 ಬರುತ್ತದೆ. ಪಿಯುಸಿಯಲ್ಲಿ ಅರ್ಥವಿಲ್ಲದೆ ಬಾಯಿಪಾಠ ಮಾಡಿದ್ದ 2.303 ಈ ಎರಡರ ಅನುಪಾತವೆಂದು ಎರಡನ್ನೂ ಒಂದರ ಹಿಂದೊಂದು ಒತ್ತಿ ನೋಡಿದ ಬೆಳಿಗ್ಗೆಯೇ ನನಗೆ ಹೊಳೆಯಿತು.

ಇನ್ನೂ ಹೆಚ್ಚು ಇಷ್ಟವಾದದ್ದು ಸರಾಸರಿ ಮತ್ತು ಪ್ರಮಾಣಿತ ವಿಚಲನೆಯನ್ನು ಲೆಕ್ಕ ಹಾಕುವ, ಸಂಖ್ಯಾಶಾಸ್ತ್ರದ ಎಸ್‌ಡಿ ಮೋಡ್. ಪ್ರಯೋಗಾಲಯದ ಟೈಟ್ರೇಷನ್ನಿನ ಐದು ಬ್ಯೂರೆಟ್ ಓದುಗಳು 9.8, 9.9, 10.0, 10.1 ಮತ್ತು 10.2 ಮಿಲಿಲೀಟರ್ ಎಂದಿಟ್ಟುಕೊಳ್ಳಿ. ಒಂದೊಂದನ್ನೂ ನಮೂದಿಸಿ ಕೀಲಿ ಒತ್ತಿದಂತೆ ಪರದೆಯ ಮೇಲೆ 1, 2, 3 ಎಂದು ಎಣಿಕೆ ಏರುತ್ತದೆ. ಐದೂ ಮುಗಿದ ಮೇಲೆ ಸರಾಸರಿ ಕೇಳಿದರೆ 10 ಎಂಬ ಉತ್ತರ ತಕ್ಷಣ ಬರುತ್ತದೆ. ಆದರೆ ಓದುಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂದು ಹೇಳುವ ಪ್ರಮಾಣಿತ ವಿಚಲನೆಯನ್ನು ಕೇಳಲು ಹೋದಾಗ ಎರಡು ಆಯ್ಕೆಗಳು ಎದುರಾಗುತ್ತವೆ: ಸಿಗ್ಮಾ ಎನ್ ಮತ್ತು ಸಿಗ್ಮಾ ಎನ್ ಮೈನಸ್ ಒನ್. ಮೊದಲನೆಯದು 0.1414 ಎನ್ನುತ್ತದೆ, ಎರಡನೆಯದು 0.1581 ಎನ್ನುತ್ತದೆ. ಎರಡು ದಶಮಾಂಶ ಸ್ಥಾನಗಳಿಗೆ ಉತ್ತರ ಕೊಡಿ ಎಂದರೆ ಒಂದು 0.14 ಆಗುತ್ತದೆ, ಇನ್ನೊಂದು 0.16. ಪಿಯುಸಿಯಲ್ಲಿ ನನಗೆ ಪ್ರಮಾಣಿತ ವಿಚಲನೆ ಎಂದರೆ ಒಂದೇ ಒಂದು ಸೂತ್ರವಾಗಿತ್ತು. ಒಂದೇ ದತ್ತಾಂಶಕ್ಕೆ ಎರಡು ಉತ್ತರಗಳಿರಬಹುದು ಎಂಬುದನ್ನು ನನಗೆ ಮೊದಲು ತೋರಿಸಿದ್ದು ಯಾವ ಉಪನ್ಯಾಸವೂ ಅಲ್ಲ, ಈ ಎರಡು ಆಯ್ಕೆಗಳು. ಅಂದು ಮಧ್ಯಾಹ್ನ ಕಾಲೇಜಿನ ಗ್ರಂಥಾಲಯಕ್ಕೆ ಹೋಗಿ ಅದರ ಕಾರಣ ಹುಡುಕಿದೆ. ಒಂದು ಮೋಡ್ ಹೀಗೆ ಒಂದು ಪ್ರಶ್ನೆಯನ್ನು ಹುಟ್ಟಿಸಬಲ್ಲದು ಎಂಬ ಖುಷಿಯಲ್ಲಿ ಈ ಯಂತ್ರವನ್ನು ಗೆಳತಿಯರಿಗೆಲ್ಲ ಹೊಗಳಿದ್ದೆ.

ಆ ಹೊಗಳಿಕೆ ಡಿಸೆಂಬರಿನ ಒಂದು ಅಣಕು ಪರೀಕ್ಷೆಯವರೆಗೆ ಉಳಿಯಿತು. ಸೆಕೆಂಡಿಗೆ 20 ಮೀಟರ್ ವೇಗದಲ್ಲಿ 45 ಡಿಗ್ರಿ ಕೋನದಲ್ಲಿ ಎಸೆದ ಚೆಂಡು ಎಷ್ಟು ದೂರ ಹೋಗಿ ಬೀಳುತ್ತದೆ ಎಂಬ ಸರಳ ಪ್ರಶ್ನೆ. ವೇಗದ ವರ್ಗವನ್ನು ಕೋನದ ಇಮ್ಮಡಿಯ ಸೈನ್‌ನಿಂದ ಗುಣಿಸಿ, ಗುರುತ್ವ ವೇಗೋತ್ಕರ್ಷವಾದ 9.8 ರಿಂದ ಭಾಗಿಸಿದರೆ ಮುಗಿಯಿತು. ಪರದೆಯ ಮೇಲೆ 36.5 ಬಂತು, ಅದನ್ನೇ ಬರೆದೆ. ಸರಿಯಾದ ಉತ್ತರ 40.8 ಮೀಟರ್. ಹಿಂದಿನ ರಾತ್ರಿ ನನ್ನ ಕೋಣೆಯ ಗೆಳತಿ ತನ್ನ ಗಣಿತದ ಅಭ್ಯಾಸಕ್ಕೆಂದು ಯಂತ್ರವನ್ನು ಡಿಗ್ರಿಯಿಂದ ಕೋನದ ಇನ್ನೊಂದು ಅಳತೆಯಾದ ರೇಡಿಯನ್ನಿಗೆ ಬದಲಿಸಿದ್ದಳು. ಪರದೆಯ ಮೇಲಂಚಿನಲ್ಲಿ ಡಿ ಇರಬೇಕಾದ ಜಾಗದಲ್ಲಿ ಆರ್ ಎಂಬ ಅಕ್ಷರವಿತ್ತು. ಅಕ್ಕಿಕಾಳಿಗಿಂತ ಚಿಕ್ಕದಾದ ಅದನ್ನು ನಾನು ಗಮನಿಸಿರಲಿಲ್ಲ. 90 ಡಿಗ್ರಿಯ ಸೈನ್ 1 ಎಂಬುದು ನನಗೆ ನಿದ್ದೆಯಲ್ಲೂ ಗೊತ್ತು, ಆದರೂ ಅದನ್ನು ಯಂತ್ರಕ್ಕೆ ಕೇಳಿದೆ, ಯಂತ್ರ 90 ರೇಡಿಯನ್ನಿನ ಸೈನ್ ಆದ 0.894 ಅನ್ನು ತೆಗೆದುಕೊಂಡು ಉತ್ತರಿಸಿತು. 30 ರೇಡಿಯನ್ನಿನ ಸೈನ್ ಋಣಾತ್ಮಕವಾಗಿ ಬರುವುದರಿಂದ ಅಂಥ ಕಡೆ ತಪ್ಪು ಕಣ್ಣಿಗೆ ಬೀಳುತ್ತದೆ. 36.5 ಮೀಟರ್ ಎಂಬುದು ಚೆಂಡೊಂದು ನಿಜವಾಗಿ ಹೋಗಿ ಬೀಳಬಹುದಾದ ದೂರ. ಅನುಮಾನ ಹುಟ್ಟಿಸದ ಇಂಥ ತಪ್ಪಿನಿಂದಲೇ ಹೆಚ್ಚು ಅಂಕಗಳು ಹೋಗುತ್ತವೆ.

ಅದೇ ವಾರ ರಸಾಯನಶಾಸ್ತ್ರದಲ್ಲೂ ಎಡವಿದೆ. 10⁻⁸ ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದ ಪಿಎಚ್ ಎಷ್ಟು ಎಂಬ ಪ್ರಶ್ನೆಗೆ ಲಾಗ್ ಕೀಲಿ ಒತ್ತಿ 8 ಎಂದು ಬರೆದೆ. ಆಮ್ಲವನ್ನು ಎಷ್ಟೇ ನೀರಿನಲ್ಲಿ ತೆಳುವಾಗಿಸಿದರೂ ಅದು ಪ್ರತ್ಯಾಮ್ಲವಾಗಲು ಸಾಧ್ಯವಿಲ್ಲ ಎಂಬುದು ಹೈಸ್ಕೂಲಿನ ಮಕ್ಕಳಿಗೂ ತಿಳಿದ ವಿಷಯ. ಇಷ್ಟು ತೆಳುವಾದ ದ್ರಾವಣದಲ್ಲಿ ನೀರೇ ಬಿಟ್ಟುಕೊಡುವ ಹೈಡ್ರೋಜನ್ ಅಯಾನುಗಳನ್ನೂ ಲೆಕ್ಕಕ್ಕೆ ಸೇರಿಸಬೇಕು. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಿನ ಅಯಾನಿಕ ಗುಣಲಬ್ಧವಾದ 10⁻¹⁴ ಅನ್ನು ಇಟ್ಟುಕೊಂಡು ವರ್ಗ ಸಮೀಕರಣವನ್ನು ಬಿಡಿಸಿದರೆ ಹೈಡ್ರೋಜನ್ ಅಯಾನಿನ ಸಾರತೆ ಸುಮಾರು 1.05 × 10⁻⁷ ಆಗುತ್ತದೆ, ಪಿಎಚ್ 6.98 ಬರುತ್ತದೆ. ಯಂತ್ರ ಕೊಟ್ಟ 8 ರಲ್ಲಿ ಯಾವ ದೋಷವೂ ಇರಲಿಲ್ಲ, ನಾನು ಕೇಳಿದ ಪ್ರಶ್ನೆಯೇ ತಪ್ಪಾಗಿತ್ತು. ಎರಡೂವರೆ ವರ್ಷಗಳ ಬಳಕೆಯಲ್ಲಿ ಈ ಬಗೆಯ ಕ್ಯಾಲ್ಕ್ಯುಲೇಟರುಗಳ ಬಗ್ಗೆ ನನಗಿರುವ ಒಂದೇ ಗಂಭೀರ ದೂರು ಇದು: ತಪ್ಪು ಪ್ರಶ್ನೆಗೂ ಸರಿ ಪ್ರಶ್ನೆಗೂ ಅವು ಒಂದೇ ಬಗೆಯ ಖಚಿತ ಅಂಕಿಗಳಲ್ಲಿ ಉತ್ತರಿಸುತ್ತವೆ. ಎಸ್‌ಡಿ ಮೋಡಿನಲ್ಲಿ ಹಿಂದಿನ ಲೆಕ್ಕದ ಓದುಗಳನ್ನು ಅಳಿಸದೆ ಹೊಸದನ್ನು ಸೇರಿಸಿದರೂ ಅಷ್ಟೇ. ಹಳೆಯ ಮತ್ತು ಹೊಸ ಓದುಗಳನ್ನೆಲ್ಲ ಒಟ್ಟುಗೂಡಿಸಿ ಸರಾಸರಿ ಕೊಟ್ಟುಬಿಡುತ್ತದೆ, ಎಚ್ಚರಿಕೆಯ ಒಂದು ಗುರುತೂ ಇರುವುದಿಲ್ಲ.

ಈ ಬೇಸರದ ನಡುವೆಯೇ ಪರೀಕ್ಷೆಯ ನಿಯಮಗಳನ್ನು ನಿಧಾನವಾಗಿ ಓದಿದೆ. ಮೊದಲೇ ಓದಬೇಕಿತ್ತು. ಸ್ವಂತ ಕ್ಯಾಲ್ಕ್ಯುಲೇಟರನ್ನು ಪರೀಕ್ಷಾ ಕೊಠಡಿಗೆ ಒಯ್ಯುವಂತಿಲ್ಲ. ಕಂಪ್ಯೂಟರಿನ ಪರದೆಯ ಮೇಲೆಯೇ ಒಂದು ವರ್ಚುಯಲ್ ಕ್ಯಾಲ್ಕ್ಯುಲೇಟರ್ ಇರುತ್ತದೆ, ಅದನ್ನು ಮೌಸಿನಿಂದ ಒಂದೊಂದೇ ಗುಂಡಿ ಒತ್ತಿ ಬಳಸಬೇಕು. ಅಭ್ಯಾಸಕ್ಕೆ ಅದನ್ನು ತೆರೆದ ದಿನ ನನ್ನ ಬೆರಳುಗಳಿಗೆ ದಿಕ್ಕೇ ತಪ್ಪಿತು. ನನ್ನ ಯಂತ್ರದಲ್ಲಿ ಮೊದಲು ಸೈನ್, ನಂತರ 30. ಅಲ್ಲಿ ಮೊದಲು 30, ನಂತರ ಸೈನ್. ಲಾಗ್ ಮತ್ತು ವರ್ಗಮೂಲಗಳಿಗೂ ಇದೇ ಕ್ರಮ. ಓದುಗಳನ್ನು ಒಂದೊಂದಾಗಿ ತುಂಬಿಸಿ ಪ್ರಮಾಣಿತ ವಿಚಲನೆಯನ್ನು ಪಡೆಯುವ, ನಾನು ಅಷ್ಟೊಂದು ಮೆಚ್ಚಿದ್ದ ಎಸ್‌ಡಿ ಮೋಡ್ ಅಲ್ಲಿ ಇರಲೇ ಇಲ್ಲ. ಅಲ್ಲಿಯವರೆಗೆ ನಾನು ಕಲಿತದ್ದರಲ್ಲಿ ಎಷ್ಟು ಭಾಗ ಸಂಖ್ಯಾಶಾಸ್ತ್ರ, ಎಷ್ಟು ಭಾಗ ಕೀಲಿಗಳ ಅನುಕ್ರಮ ಎಂಬ ಪ್ರಶ್ನೆ ಆ ರಾತ್ರಿ ನನ್ನನ್ನು ಬಹಳ ಕಾಡಿತು. ಆಗಲೇ ಈ ವಿಮರ್ಶೆಯನ್ನು ಬರೆದಿದ್ದರೆ ಯಾರೂ ಇದನ್ನು ಕೊಳ್ಳಬೇಡಿ ಎಂದೇ ಬರೆಯುತ್ತಿದ್ದೆ.

ಮರುದಿನದಿಂದ ಕ್ರಮ ಬದಲಿಸಿದೆ. ಖಾಲಿ ಬಿಡುತ್ತಿದ್ದ ಅಂದಾಜಿನ ಅಂಕಣವನ್ನು ತುಂಬದೆ ಯಂತ್ರದ ಮುಚ್ಚಳ ತೆಗೆಯಲಿಲ್ಲ. ಬ್ಯೂರೆಟ್ಟಿನ ಅದೇ ಐದು ಓದುಗಳನ್ನು ಕೈಯಿಂದ ಮಾಡಿದೆ. ಸರಾಸರಿಯಿಂದ ವಿಚಲನೆಗಳು −0.2, −0.1, 0, 0.1, 0.2, ಅವುಗಳ ವರ್ಗಗಳ ಮೊತ್ತ 0.10. ಅದನ್ನು 5 ರಿಂದ ಭಾಗಿಸಿದರೆ 0.02, 4 ರಿಂದ ಭಾಗಿಸಿದರೆ 0.025, ಅವುಗಳ ವರ್ಗಮೂಲಗಳೇ ಆ ಎರಡು ಆಯ್ಕೆಗಳ ಉತ್ತರಗಳು. ವಿಚಲನೆಗಳನ್ನು ಕಾಗದದ ಮೇಲೆ ಸಾಲಾಗಿ ಬರೆದಾಗ ಗ್ರಂಥಾಲಯದಲ್ಲಿ ಓದಿದ್ದ ಮಾತು ಕಣ್ಣಿಗೇ ಕಂಡಿತು. ಸರಾಸರಿಯನ್ನು ಇದೇ ಓದುಗಳಿಂದ ತೆಗೆದಿರುವುದರಿಂದ ವಿಚಲನೆಗಳ ಮೊತ್ತ ಸೊನ್ನೆಯಾಗಲೇಬೇಕು. ನಾಲ್ಕು ಗೊತ್ತಾದರೆ ಐದನೆಯದು ತಾನಾಗಿಯೇ ನಿರ್ಧಾರವಾಗುತ್ತದೆ, ಸ್ವತಂತ್ರವಾಗಿ ಉಳಿಯುವುದು ನಾಲ್ಕೇ. ಇರುವ ಓದುಗಳೇ ಪೂರ್ತಿ ಸಮೂಹವಾದರೆ 5, ದೊಡ್ಡ ಸಮೂಹದಿಂದ ತೆಗೆದ ಮಾದರಿಯಾಗಿದ್ದು ಆ ಸಮೂಹದ ಚದುರಿಕೆಯನ್ನು ಅಂದಾಜು ಮಾಡಬೇಕಾದರೆ 4. ಇದಾದ ಮೇಲೆ ಯಂತ್ರದಲ್ಲಿ ಅದೇ ಲೆಕ್ಕವನ್ನು ಮಾಡಿ 0.1581 ಎಂಬ ಅಂಕಿಯನ್ನು ನೋಡಿದಾಗ ಆದ ಸಮಾಧಾನವನ್ನು ಹೇಳುವುದು ಕಷ್ಟ. ಉತ್ತರ ಕೊಡುವ ಯಂತ್ರವಾಗಿದ್ದುದು ನನ್ನ ಉತ್ತರವನ್ನು ಪರೀಕ್ಷಿಸುವ ಯಂತ್ರವಾದ ಮೇಲೆ ಅದರ ಮೇಲಿನ ನನ್ನ ಸಿಟ್ಟೂ ಇಳಿಯಿತು.

ಅನಿಲದ ಮೋಲಾರ್ ಗಾತ್ರದ, ಅಂದರೆ ಒಂದು ಮೋಲ್ ಅನಿಲದ ಗಾತ್ರದ, ಬಗ್ಗೆಯೂ ಒಂದು ಮಾತು ಹೇಳಬೇಕು. 273.15 ಕೆಲ್ವಿನ್ ಮತ್ತು 1 ಅಟ್ಮಾಸ್ಫಿಯರ್ ಒತ್ತಡದಲ್ಲಿ ಅದು 22.4 ಲೀಟರ್, ಒತ್ತಡವನ್ನು 1 ಬಾರ್ ಎಂದು ಹಿಡಿದರೆ 22.7 ಲೀಟರ್. ಹಳೆಯ ಮಾರ್ಗದರ್ಶಿಗಳಲ್ಲಿ ಮೊದಲನೆಯದು, ನಮ್ಮ ಪಠ್ಯಪುಸ್ತಕದಲ್ಲಿ ಎರಡನೆಯದು ಇದೆ. ಪ್ರಶ್ನೆಯಲ್ಲಿ ಯಾವ ಒತ್ತಡ ಹೇಳಿದ್ದಾರೆ ಎಂಬುದನ್ನು ನಾವೇ ನೋಡಬೇಕು, ಅದನ್ನು ಯಾವ ಬೆಲೆಯ ಕ್ಯಾಲ್ಕ್ಯುಲೇಟರೂ ನೋಡಿ ಹೇಳುವುದಿಲ್ಲ.

ಇನ್ನು ಯಂತ್ರದ ಈಗಿನ ಸ್ಥಿತಿ. ಎರಡೂವರೆ ವರ್ಷದಲ್ಲಿ ಒಂದೇ ಸಲ ಬ್ಯಾಟರಿ ಬದಲಿಸಿದ್ದೇನೆ. ಶಿಫ್ಟ್ ಕೀಲಿಯ ಮೇಲಿನ ಅಕ್ಷರ ಸ್ವಲ್ಪ ಮಾಸಿದೆ, 5 ರ ಕೀಲಿಯನ್ನು ತುಸು ಒತ್ತಿ ಹಿಡಿಯಬೇಕಾಗುತ್ತದೆ. ಹಾಸ್ಟೆಲಿನ ಮೆಟ್ಟಿಲ ಮೇಲಿಂದ ಎರಡು ಸಲ ಬಿದ್ದರೂ ಗಟ್ಟಿ ಮುಚ್ಚಳದಿಂದಾಗಿ ಪರದೆಗೆ ಏನೂ ಆಗಿಲ್ಲ. ದುಬಾರಿ ಮಾದರಿಯ ಅಗತ್ಯ ನನಗೆ ಒಂದು ದಿನವೂ ಕಂಡುಬರಲಿಲ್ಲ; ಪ್ರಯೋಗಾಲಯದ ಕೆಲಸ ಮತ್ತು ಪಿಯುಸಿ ಮಟ್ಟದ ಪುನರಾವರ್ತನೆ ಎರಡಕ್ಕೂ ಇದು ಸಾಕು. ಜ್ಯಾಮ್‌ನಂಥ ಪರೀಕ್ಷೆಗೆಂದೇ ಹೊಸದಾಗಿ ಕೊಳ್ಳಲು ಹೊರಟವರು ಮಾತ್ರ ಮೊದಲ ದಿನದಿಂದಲೇ ವರ್ಚುಯಲ್ ಕ್ಯಾಲ್ಕ್ಯುಲೇಟರಿನಲ್ಲಿ ಅಭ್ಯಾಸ ಮಾಡಿ, ಈ ಹಣವನ್ನು ಉಳಿಸಿಕೊಳ್ಳಬಹುದು. ಕೆಸಿಇಟಿಗೆ ಕೂರುವ ಪಿಯುಸಿ ಮಕ್ಕಳಿಗೆ ಅಲ್ಲಿ ಯಾವ ಕ್ಯಾಲ್ಕ್ಯುಲೇಟರಿಗೂ ಅವಕಾಶವಿಲ್ಲ, ಅವರಿಗೆ ಅಂದಾಜಿನ ಅಂಕಣವೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಫೆಬ್ರವರಿಯಲ್ಲಿ ಪರೀಕ್ಷೆ ಮುಗಿದ ಮೇಲೆ ಈ ಕ್ಯಾಲ್ಕ್ಯುಲೇಟರನ್ನು ಪ್ರಥಮ ಪಿಯುಸಿ ಓದುತ್ತಿರುವ ತಮ್ಮನಿಗೆ ಕೊಟ್ಟಿದ್ದೇನೆ. ಕೊಡುವ ಮೊದಲು ಮುಚ್ಚಳದ ಒಳಬದಿಗೆ ಒಂದು ಚೀಟಿ ಅಂಟಿಸಿದೆ. ಅದರಲ್ಲಿರುವುದು ಮೂರು ಸಾಲು: ಡಿ ಇದೆಯೇ ನೋಡು. ಹಳೆಯ ಓದುಗಳನ್ನು ಅಳಿಸು. ಅಂದಾಜು ಬರೆದಾಯಿತೇ?