ಮೂರು ಕೋರ್ಸು, ಒಂದೇ ಡಿಸ್ಚಾರ್ಜ್ ಫೈಲು

"ಅಕ್ಕ, ಕೆಲಸದಲ್ಲಿ ಇದ್ದುಕೊಂಡೇ ಡಿಪ್ಲೊಮಾ ಮಾಡಲಾ, ಕೆಲಸ ಬಿಟ್ಟು ಎಂಎಚ್‌ಎ ಸೇರಲಾ, ಇಲ್ಲ ಆನ್‌ಲೈನ್ ಸಾಕಾ?"

ನರ್ಸಿಂಗ್ ಮುಗಿಸಿ ನಾಲ್ಕೈದು ವರ್ಷ ವಾರ್ಡಿನಲ್ಲಿ ದುಡಿದು, ಆಸ್ಪತ್ರೆ ಆಡಳಿತ ಓದಬೇಕು ಅನ್ನುವವರು ನನ್ನನ್ನು ಹೀಗೆ ಕೇಳುತ್ತಲೇ ಇರುತ್ತಾರೆ. ಮೂರನ್ನೂ ಮಾಡಿದವಳು ನಾನು. ಮೈಸೂರಿನ ಒಂದು ಆಸ್ಪತ್ರೆಯಲ್ಲಿ ವಾರ್ಡ್ ಇನ್‌ಚಾರ್ಜ್ ಆಗಿದ್ದಾಗ, 2014ರಲ್ಲಿ, ದೂರಶಿಕ್ಷಣದ ಡಿಪ್ಲೊಮಾ. 2016ರಿಂದ 2018ರವರೆಗೆ ಕೆಲಸ ಬಿಟ್ಟು ಬೆಂಗಳೂರಿನಲ್ಲಿ ಎರಡು ವರ್ಷದ ಎಂಎಚ್‌ಎ, ಅಂದರೆ ಆಸ್ಪತ್ರೆ ಆಡಳಿತದ ಸ್ನಾತಕೋತ್ತರ ಪದವಿ. 2024ರಲ್ಲಿ, ಆಪರೇಷನ್ಸ್ ಮ್ಯಾನೇಜರ್ ಆದ ಮೇಲೆ, ಹನ್ನೊಂದು ತಿಂಗಳ ಆನ್‌ಲೈನ್ ಎಕ್ಸಿಕ್ಯುಟಿವ್ ಕೋರ್ಸು. ನಾನು ಓದಿದ ಸಂಸ್ಥೆಗಳ ಹೆಸರು ಇಲ್ಲಿ ಬೇಡ. ಒಂದೇ ಹೆಸರಿನ ಕೋರ್ಸು ಕಾಲೇಜಿನಿಂದ ಕಾಲೇಜಿಗೆ, ಗೈಡ್‌ನಿಂದ ಗೈಡ್‌ಗೆ ತುಂಬಾ ಬೇರೆ ಇರುತ್ತದೆ.

ಹೋಲಿಸಬೇಕಾದರೆ ಮೂರಕ್ಕೂ ಒಂದೇ ಅಳತೆ ಬೇಕಲ್ವಾ? ನನಗೆ ಅದು ಡಿಸ್ಚಾರ್ಜ್. ಡಾಕ್ಟರ್ ಬೆಳಿಗ್ಗೆ ರೌಂಡ್ಸ್‌ನಲ್ಲಿ "ಇವತ್ತು ಮನೆಗೆ ಹೋಗಬಹುದು" ಅನ್ನುತ್ತಾರೆ. ರೋಗಿ ಹೊರಡುವಾಗ ಸಂಜೆ ಆಗಿರುತ್ತದೆ. ಊರಿಂದ ಕಾರು ಮಾಡಿಕೊಂಡು ಬಂದವರು ಕೆಳಗೆ ಕಾಯುತ್ತಿರುತ್ತಾರೆ. ಎಮರ್ಜೆನ್ಸಿಯಲ್ಲಿ ಅಡ್ಮಿಟ್ ಆಗಬೇಕಾದವರು ಸ್ಟ್ರೆಚರ್ ಮೇಲೇ ಮಲಗಿರುತ್ತಾರೆ. ಈ ಒಂದು ತೊಂದರೆಯನ್ನೇ ಹೊತ್ತುಕೊಂಡು ನಾನು ಮೂರೂ ಕೋರ್ಸಿಗೆ ಹೋದೆ. ಯಾವ ಕೋರ್ಸು ಇದಕ್ಕೆ ಏನು ಕೊಟ್ಟಿತು ಅನ್ನುವುದರ ಮೇಲೇ ನನ್ನ ಅಭಿಪ್ರಾಯ ನಿಂತಿದೆ.

ಡಿಪ್ಲೊಮಾ ಕೊಟ್ಟಿದ್ದು ಲೆಕ್ಕ. ನಮ್ಮದು 40 ಹಾಸಿಗೆಯ ವಾರ್ಡು. "ಬೆಡ್ ಇಲ್ಲ, ಫುಲ್" ಅಂತ ದಿನಾ ಫೋನಿನಲ್ಲಿ ಹೇಳುತ್ತಿದ್ದವಳು ನಾನೇ. ಪುಸ್ತಕದಲ್ಲಿ ಬೆಡ್ ಆಕ್ಯುಪೆನ್ಸಿ ಸೂತ್ರ ಇತ್ತು: ತಿಂಗಳಿನಲ್ಲಿ ರೋಗಿಗಳು ಮಲಗಿದ ದಿನಗಳನ್ನೆಲ್ಲ ಕೂಡಿಸಿ, ಹಾಸಿಗೆಗಳ ಸಂಖ್ಯೆಯನ್ನು ದಿನಗಳಿಂದ ಗುಣಿಸಿದ ಮೊತ್ತದಿಂದ ಭಾಗಿಸಿ, ನೂರರಿಂದ ಗುಣಿಸುವುದು. ನೈಟ್ ಡ್ಯೂಟಿ ಸಿಸ್ಟರ್ ರಾತ್ರಿ 12ಕ್ಕೆ ಬರೆಯುವ ಸೆನ್ಸಸ್ ಪುಸ್ತಕ, ಅಂದರೆ ರೋಗಿಗಳ ಎಣಿಕೆಯ ಪುಸ್ತಕ, ತೆಗೆದು ಒಂದು ತಿಂಗಳ ಲೆಕ್ಕ ಹಾಕಿದೆ. 40 ಹಾಸಿಗೆ, 30 ದಿನ, 1200. ರೋಗಿಗಳು ಮಲಗಿದ್ದು 936 ದಿನ. ಶೇಕಡಾ 78. ಫುಲ್ ಅಂದುಕೊಂಡಿದ್ದ ವಾರ್ಡಿನಲ್ಲಿ ರಾತ್ರಿ ಸರಾಸರಿ 9 ಹಾಸಿಗೆ ಖಾಲಿ! ಎರಡು ಸಲ ಕೂಡಿಸಿ ನೋಡಿದೆ, ಉತ್ತರ ಅದೇ. ಹಾಗಾದರೆ ವಾರ್ಡು ತುಂಬಿರುತ್ತಿದ್ದುದು ಬೆಳಿಗ್ಗೆ 11ರಿಂದ ಸಂಜೆ 5ರವರೆಗೆ ಮಾತ್ರ. ಮನೆಗೆ ಹೋಗಬೇಕಾದವರು ಇನ್ನೂ ಹೋಗಿರುತ್ತಿರಲಿಲ್ಲ, ಬರಬೇಕಾದವರು ಆಗಲೇ ಬಂದಿರುತ್ತಿದ್ದರು. ನಮಗೆ ಬೇಕಾಗಿದ್ದುದು ಹೊಸ ಹಾಸಿಗೆ ಅಲ್ಲ, ಬೇಗ ಆಗುವ ಡಿಸ್ಚಾರ್ಜ್.

ಸ್ಟೋರ್ಸ್ ಪಾಠವೂ ಹಾಗೇ ತಲೆಗೆ ಹತ್ತಿತು. ಐಟಂಗಳನ್ನು ಖರ್ಚು ನೋಡಿ ಮೂರು ಗುಂಪು ಮಾಡುವ ಎಬಿಸಿ ಅನಾಲಿಸಿಸ್ ಪ್ರಕಾರ ಸುಮಾರು ಶೇಕಡಾ 10ರಷ್ಟು ಐಟಂಗಳೇ ಶೇಕಡಾ 70ರಷ್ಟು ದುಡ್ಡು ತಿನ್ನುತ್ತವೆ. ಅದರ ಪಕ್ಕದಲ್ಲೇ ವಿಇಡಿ (ವೈಟಲ್, ಎಸೆನ್ಶಿಯಲ್, ಡಿಸೈರಬಲ್): ಬೆಲೆ ಎಷ್ಟೇ ಇರಲಿ, ಇಲ್ಲದಿದ್ದರೆ ಜೀವಕ್ಕೆ ಅಪಾಯವಾ ಅನ್ನುವ ಲೆಕ್ಕ. ನಮ್ಮ ಕ್ರಾಶ್ ಕಾರ್ಟಿನ, ಅಂದರೆ ತುರ್ತು ಔಷಧಿ ಗಾಡಿಯ, ಅಟ್ರೊಪಿನ್ ಆಂಪೂಲ್ ಬೆಲೆಯಲ್ಲಿ ಕೊನೆಯ ಸಾಲು, ಬೇಕಾದ ಹೊತ್ತಿನಲ್ಲಿ ಮೊದಲ ಸಾಲು. ವರ್ಷಗಟ್ಟಲೆ ಕೈಯಲ್ಲಿ ಹಿಡಿದ ವಸ್ತುವನ್ನು ಹಾಗೆ ನೋಡಿಯೇ ಇರಲಿಲ್ಲ.

ದೂರಶಿಕ್ಷಣದ ಬಲ ಇದೇ. ಬೆಳಿಗ್ಗೆ ಓದಿದ್ದನ್ನು ಮಧ್ಯಾಹ್ನದ ಡ್ಯೂಟಿಯಲ್ಲಿ ಪರೀಕ್ಷೆ ಮಾಡಬಹುದು. ಆದರೆ ಕಾಲ ಕೆಳಗೆ ಒಂದು ವಾರ್ಡು ಇರಬೇಕು. ಡಿಗ್ರಿ ಮುಗಿಸಿ ನೇರವಾಗಿ ಈ ಡಿಪ್ಲೊಮಾ ತೆಗೆದುಕೊಂಡ ನನ್ನ ತಂಗಿಯ ಗೆಳತಿಗೆ ಪುಸ್ತಕ ಬರೀ ಪುಸ್ತಕವಾಗಿಯೇ ಉಳಿಯಿತು. ಸಿಎಸ್‌ಎಸ್‌ಡಿ ಅಂದರೆ ಉಪಕರಣ ಸ್ಟೆರಿಲೈಸ್ ಮಾಡುವ ಜಾಗ ಅಂತ ಗೊತ್ತು, ಆದರೆ ಆಟೋಕ್ಲೇವ್‌ನ ಬಿಸಿ ಮುಖಕ್ಕೆ ಬಡಿದಿಲ್ಲ. ಅವಳಿಗೆ ಉಪಯೋಗ ಆಗಲಿಲ್ಲ, ತಪ್ಪು ಅವಳದ್ದಲ್ಲ.

ಕಷ್ಟವೂ ಇತ್ತು. ಸಂಶಯ ಬಂದರೆ ಕೇಳೋಕೆ ಯಾರೂ ಇರುವುದಿಲ್ಲ. ಅಸೈನ್‌ಮೆಂಟ್ ಎಲ್ಲ ಕೈಯಲ್ಲೇ ಬರೆಯಬೇಕು, ನೈಟ್ ಡ್ಯೂಟಿ ಮುಗಿಸಿ ಬಂದು ಬರೆಯುತ್ತಿದ್ದೆ. ಎಲ್ಲಕ್ಕಿಂತ ದೊಡ್ಡ ತೊಂದರೆ ಭಾನುವಾರದ ಕಾಂಟ್ಯಾಕ್ಟ್ ಕ್ಲಾಸು. ಆಗಿನ ನಮ್ಮ ಮೇಲಿನವರು ಭಾನುವಾರ ರಜೆ ಕೊಡಲು ಒಪ್ಪಲಿಲ್ಲ. ಹಾಜರಾತಿ ಸಾಲದೆ ಒಂದು ಪ್ರಾಕ್ಟಿಕಲ್ ಆರು ತಿಂಗಳು ಮುಂದಕ್ಕೆ ಹೋಯಿತು. ವರ್ಷದಲ್ಲಿ ಮುಗಿಯಬೇಕಿದ್ದುದು ಒಂದೂವರೆ ವರ್ಷ ಆಯಿತು. ಅದರ ನೋವು ಇನ್ನೂ ಇದೆ.

ಖರ್ಚಿನಲ್ಲಿ ಇದಕ್ಕೆ ಸಾಟಿ ಇಲ್ಲ. ಪುಸ್ತಕ, ಪರೀಕ್ಷೆ ಎಲ್ಲ ಸೇರಿ 30 ಸಾವಿರದೊಳಗೆ ಮುಗಿಯಿತು, ಸಂಬಳ ಒಂದು ತಿಂಗಳೂ ನಿಲ್ಲಲಿಲ್ಲ. ಇಗ್ನೋದ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) ಪಿಜಿಡಿಎಚ್‌ಎಚ್‌ಎಂ, ಅಂದರೆ ಆಸ್ಪತ್ರೆ ಮತ್ತು ಆರೋಗ್ಯ ನಿರ್ವಹಣೆಯ ಸ್ನಾತಕೋತ್ತರ ಡಿಪ್ಲೊಮಾ, ಈ ಬಗೆಯ ಕೋರ್ಸುಗಳಲ್ಲಿ ಹೆಚ್ಚು ಪರಿಚಿತ. ಕನಿಷ್ಠ ಅವಧಿ ಒಂದು ವರ್ಷ, ಮುಗಿಸಲು ಮೂರು ವರ್ಷದವರೆಗೆ ಸಮಯ. ಡಾಕ್ಟರುಗಳಿಗೆ ಮಾತ್ರ ಅಲ್ಲ, ಆಸ್ಪತ್ರೆಯಲ್ಲಿ ಅನುಭವ ಇರುವ ನರ್ಸಿಂಗ್ ಪದವೀಧರರಿಗೂ ಬಾಗಿಲು ತೆರೆದಿದೆ.

ಎಂಎಚ್‌ಎಗೆ ಸೇರಿದಾಗ ನನಗೆ 31. ಕ್ಲಾಸಿನಲ್ಲಿ ಹೆಚ್ಚಿನವರಿಗೆ 22, 23. ಮೆಡಿಕಲ್ ಟರ್ಮಿನಾಲಜಿ ನನಗೆ ನೀರು ಕುಡಿದಷ್ಟು ಸುಲಭ. ಅಕೌಂಟ್ಸ್ ಮಾತ್ರ ಬಿಕಾಂ ಓದಿದ್ದ ಪಕ್ಕದ ಹುಡುಗ ಹೇಳಿಕೊಟ್ಟ, ನಾನು ಅವನಿಗೆ ಐಸಿಯು ಹೇಗೆ ನಡೆಯುತ್ತದೆ ಅಂತ ಹೇಳಿಕೊಟ್ಟೆ. ಇಂಥದ್ದು ಡಿಪ್ಲೊಮಾದಲ್ಲಿ ಇರಲಿಲ್ಲ.

ಆದರೆ ಎಂಎಚ್‌ಎಯ ಜೀವ ಇರುವುದು ಪೋಸ್ಟಿಂಗ್‌ನಲ್ಲಿ. ಸ್ಟೋರ್ಸ್, ಲಾಂಡ್ರಿ, ಅಡುಗೆಮನೆ, ಎಂಆರ್‌ಡಿ (ರೋಗಿಗಳ ದಾಖಲೆ ವಿಭಾಗ), ಬಿಲ್ಲಿಂಗ್, ಒಂದೊಂದರಲ್ಲೂ ಹೋಗಿ ನಿಲ್ಲಬೇಕು. ನರ್ಸ್ ಆಗಿ ಇಷ್ಟು ವರ್ಷ ಕೆಲಸ ಮಾಡಿದರೂ ವಾರ್ಡಿನ ಬಾಗಿಲಿನಾಚೆ ಫೈಲಿಗೆ ಏನಾಗುತ್ತದೆ ಅಂತ ನೋಡಿರಲಿಲ್ಲ. ಪ್ರಾಜೆಕ್ಟಿಗೆ ಡಿಸ್ಚಾರ್ಜ್ ಸಮಯವನ್ನೇ ತೆಗೆದುಕೊಂಡೆ. ಮೂರನೇ ಮಹಡಿಯ ನರ್ಸಿಂಗ್ ಸ್ಟೇಷನ್ ಪಕ್ಕ ನೋಟ್‌ಬುಕ್ ಹಿಡಿದು ನಿಂತೆ. ಒಂದು ಫೈಲಿನ ಕಥೆ ಹೀಗಿತ್ತು:

ಡಾಕ್ಟರ್ ಡಿಸ್ಚಾರ್ಜ್ ಹೇಳಿದ್ದು 9.40. ಚಿಕಿತ್ಸೆಯ ಸಮರಿ ಟೈಪ್ ಆಗಿ ಸಹಿ ಬಿದ್ದಿದ್ದು 11.15. ಉಳಿದ ಔಷಧಿ ಫಾರ್ಮಸಿಗೆ ವಾಪಸ್ ಹೋಗಿ ಲೆಕ್ಕ ಬಂದಿದ್ದು 12.05. ಫೈಲು ವಾರ್ಡ್ ಬಿಟ್ಟಿದ್ದು 12.50. ಬಿಲ್ ಆಗಿದ್ದು 1.20. ಇನ್ಶೂರೆನ್ಸ್ ಒಪ್ಪಿಗೆ ಬಂದಿದ್ದು 4.10. ರೋಗಿ ವೀಲ್‌ಚೇರಿನಲ್ಲಿ ಲಿಫ್ಟ್ ಹತ್ತಿದ್ದು 5ಕ್ಕೆ.

12.05ರಿಂದ 12.50ರವರೆಗೆ ಏನಾಯಿತು? ಏನೂ ಆಗಲಿಲ್ಲ. ಫೈಲು ಟ್ರೇಯಲ್ಲಿ ಕೂತಿತ್ತು. ಅಟೆಂಡರ್ ಅಣ್ಣನನ್ನು ಕೇಳಿದೆ. "ಮೇಡಂ, ಸಿಬ್ಬಂದಿ ಲಿಫ್ಟ್ ಒಂದೇ ಇರೋದು. ಒಂದೊಂದು ಫೈಲಿಗೂ ಇಳಿದು ಹತ್ತಿದ್ರೆ ಪೇಷಂಟ್‌ನ ಸ್ಕ್ಯಾನಿಂಗ್‌ಗೆ ಯಾರು ಕರ್ಕೊಂಡು ಹೋಗ್ತಾರೆ? ನಾಲ್ಕೈದು ಸೇರ್ಲಿ ಅಂತ ಕಾಯ್ತೀನಿ" ಅಂದರು. ಅವರು ಹೇಳಿದ್ದರಲ್ಲಿ ನ್ಯಾಯ ಇತ್ತು. ಮೂರು ವಾರ ಲೆಕ್ಕ ಬರೆದೆ. ನಾವೆಲ್ಲ ಬಿಲ್ಲಿಂಗ್‌ನವರನ್ನು ಬೈಯುತ್ತಿದ್ದೆವು. ಇನ್ಶೂರೆನ್ಸ್ ಇಲ್ಲದ ರೋಗಿಗಳಲ್ಲಿ ಬಿಲ್ಲಿಂಗ್‌ಗಿಂತ ಜಾಸ್ತಿ ಹೊತ್ತು ಹೋಗುತ್ತಿದ್ದುದು ಸಹಿಗೆ ಕಾಯುವುದರಲ್ಲಿ ಮತ್ತು ಈ ಟ್ರೇಯಲ್ಲಿ. ಇದು ಯಾವ ಪುಸ್ತಕದಲ್ಲೂ ಇರಲಿಲ್ಲ. ನನ್ನ ಗೈಡ್ "ಗಡಿಯಾರ ನೋಡಿ ಬರೆದಿದ್ದನ್ನು ಮಾತ್ರ ಬರಿ, ಅಂದಾಜು ಬೇಡ" ಅಂತ ಪ್ರತಿ ಪುಟವನ್ನೂ ವಾಪಸ್ ಕೊಡುತ್ತಿದ್ದರು. ಆ ಒಂದು ಅಭ್ಯಾಸಕ್ಕಾಗಿ ಎರಡು ವರ್ಷ ಕೊಟ್ಟಿದ್ದಕ್ಕೆ ನನಗೆ ಬೇಸರ ಇಲ್ಲ.

ಎಲ್ಲ ಪೋಸ್ಟಿಂಗೂ ಹೀಗೆ ಇರಲಿಲ್ಲ. ಅದಕ್ಕೂ ಮೊದಲು ಇನ್ನೊಂದು ಆಸ್ಪತ್ರೆಯಲ್ಲಿ ಆರು ವಾರ ನಮ್ಮನ್ನು ಸುಮ್ನೆ ಓಪಿಡಿ ಮುಂದೆ ಫೀಡ್‌ಬ್ಯಾಕ್ ಫಾರ್ಮ್ ತುಂಬಿಸಲು ನಿಲ್ಲಿಸಿದರು. ರಿಜಿಸ್ಟರ್ ಮುಟ್ಟಲು ಬಿಡಲಿಲ್ಲ. ಫೀಸು ಕೊಟ್ಟವರು ನಾವು, ಕೆಲಸ ಮಾಡಿಕೊಟ್ಟವರೂ ನಾವು, ಕಲಿತಿದ್ದು ಏನೂ ಇಲ್ಲ. ಆದ್ದರಿಂದ ಕಾಲೇಜು ನೋಡಲು ಹೋದಾಗ ಕಟ್ಟಡ ನೋಡಬೇಡಿ. ಎರಡನೇ ವರ್ಷದ ಹುಡುಗರನ್ನು ಕ್ಯಾಂಟೀನಿನಲ್ಲಿ ಹಿಡಿದು ಮೂರು ವಿಷಯ ಕೇಳಿ. ಪೋಸ್ಟಿಂಗ್ ಎಲ್ಲಿ? ದಾಖಲೆ ನೋಡಲು ಬಿಡುತ್ತಾರಾ? ಪ್ರಾಜೆಕ್ಟನ್ನು ಗೈಡ್ ಓದುತ್ತಾರಾ?

ಖರ್ಚು: ಫೀಸು, ಪಿಜಿ ಬಾಡಿಗೆ, ಊಟ ಸೇರಿ 5 ಲಕ್ಷ ದಾಟಿತು. ಅದರ ಮೇಲೆ ಎರಡು ವರ್ಷದ ಸಂಬಳ ಹೋಯಿತು, ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾನು ಚಿನ್ನ ಅಡ ಇಟ್ಟಿದ್ದೆ. ಬಿಡಿಸಿಕೊಳ್ಳಲು ಮೂರು ವರ್ಷ ಹಿಡಿಯಿತು. ಆದರೂ ಕೆಲಸದ ಜಾಹೀರಾತುಗಳಲ್ಲಿ ಸಾಮಾನ್ಯವಾಗಿ ಕೇಳುವುದು ಎಂಎಚ್‌ಎ ಅಥವಾ ಎಂಬಿಎ ಪದವಿಯನ್ನೇ. ನರ್ಸಿಂಗ್ ಸಾಲಿನಿಂದ ಆಡಳಿತದ ಸಾಲಿಗೆ ನನ್ನನ್ನು ದಾಟಿಸಿದ್ದು ಡಿಪ್ಲೊಮಾ ಅಲ್ಲ, ಈ ಪದವಿ.

ನಮ್ಮ ದೇಶದಲ್ಲಿ ಇದು ಹೊಸ ಓದೇನಲ್ಲ. ದೆಹಲಿಯ ಏಮ್ಸ್‌ನಲ್ಲಿ 1966ರಲ್ಲೇ ಆಸ್ಪತ್ರೆ ಆಡಳಿತದ ಸ್ನಾತಕೋತ್ತರ ಕೋರ್ಸು ಶುರುವಾಯಿತು. ಎಂಬಿಬಿಎಸ್ ಮಾಡಿದವರಿಗೆ ಈ ವಿಷಯದಲ್ಲಿ ಎಂಡಿ ದಾರಿಯೂ ಇದೆ. ಉಳಿದವರಿಗೆ ಕರ್ನಾಟಕದಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯದ ಅಡಿಯ ಎಂಎಚ್‌ಎ ಇದೆ, ಮಣಿಪಾಲದಲ್ಲಿ ಇದೆ, ಬೆಂಗಳೂರಿನಲ್ಲಿ ಆರೋಗ್ಯ ನಿರ್ವಹಣೆ ಕಲಿಸುವ ಐಐಎಚ್‌ಎಂಆರ್ ಸಂಸ್ಥೆಯಲ್ಲಿ ಮ್ಯಾನೇಜ್‌ಮೆಂಟ್ ಡಿಪ್ಲೊಮಾ ಇದೆ. ಮುಂಬೈ ಆಗಬಹುದು ಅನ್ನುವವರು ಟಿಸ್ (ಟಾಟಾ ಸಮಾಜ ವಿಜ್ಞಾನ ಸಂಸ್ಥೆ) ಕಡೆಯೂ ನೋಡಬಹುದು.

ಆನ್‌ಲೈನ್ ಕೋರ್ಸಿನ ಬಗ್ಗೆ ಹೇಳುವುದು ಕಡಿಮೆ, ಆದರೆ ಅದು ಕೊಟ್ಟಿದ್ದು ಕಡಿಮೆ ಅಲ್ಲ. ಶನಿವಾರ ಸಂಜೆ, ಭಾನುವಾರ ಬೆಳಿಗ್ಗೆ ಲೈವ್ ಕ್ಲಾಸು. ಫೀಸು 1 ಲಕ್ಷ 80 ಸಾವಿರ. ಅರ್ಧ ಆಸ್ಪತ್ರೆ ಕೊಟ್ಟಿತು, ಎರಡು ವರ್ಷ ಬಿಡುವಂತಿಲ್ಲ ಅಂತ ಬಾಂಡ್ ಬರೆಸಿಕೊಂಡಿತು. ಜೊತೆಗೆ ಓದಿದವರಲ್ಲಿ ಹುಬ್ಬಳ್ಳಿ, ಕಲಬುರಗಿ ಕಡೆ ಸ್ವಂತ ನರ್ಸಿಂಗ್ ಹೋಂ ಇಟ್ಟುಕೊಂಡ ಡಾಕ್ಟರುಗಳಿದ್ದರು, ಲ್ಯಾಬ್ ನಡೆಸುವವರಿದ್ದರು. ಅವರು ದುಡ್ಡಿನ ಬಗ್ಗೆ ಮಾತಾಡುವ ರೀತಿಯೇ ಬೇರೆ. ಒಂದು ಹಾಸಿಗೆ ಒಂದು ದಿನ ಇಟ್ಟುಕೊಳ್ಳಲು ಎಷ್ಟು ಖರ್ಚು ಅಂತ ಅವರಿಗೆ ಬಾಯಿಪಾಠ. ನಾನು ಆವರೆಗೆ ತಡವಾದ ಡಿಸ್ಚಾರ್ಜನ್ನು ರೋಗಿಯ ಕಷ್ಟ ಅಂತ ಮಾತ್ರ ಹೇಳುತ್ತಿದ್ದೆ. ಮೀಟಿಂಗಿನಲ್ಲಿ ಎಲ್ಲರೂ ತಲೆ ಆಡಿಸುತ್ತಿದ್ದರು, ಅಷ್ಟೇ. ಅದನ್ನೇ ರೂಪಾಯಿಯಲ್ಲಿ ಬರೆದು ತೋರಿಸಲು ಕಲಿಸಿದ್ದು ಈ ಕೋರ್ಸು.

ಅದೇ ಹೊತ್ತಿಗೆ, 2024ರ ಮೇ ತಿಂಗಳಿನಲ್ಲಿ, ವಿಮಾ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐ ಸುತ್ತೋಲೆ ಬಂತು. ಡಿಸ್ಚಾರ್ಜ್ ವೇಳೆ ಆಸ್ಪತ್ರೆಯಿಂದ ಕೋರಿಕೆ ಬಂದ 3 ಗಂಟೆಯೊಳಗೆ ಇನ್ಶೂರೆನ್ಸ್ ಕಂಪನಿ ಅಂತಿಮ ಒಪ್ಪಿಗೆ ಕೊಡಬೇಕು. ಎಲ್ಲರೂ ಖುಷಿಪಟ್ಟರು. ನನಗೆ ಮಾತ್ರ ಆ ಟ್ರೇ ನೆನಪಾಯಿತು. ನಾವು ಕಳಿಸಿದ ಮೇಲೆ ತಾನೇ ಆ 3 ಗಂಟೆ ಶುರುವಾಗುವುದು? 12.50ಕ್ಕೆ ಫೈಲು ಇಳಿದರೆ ಯಾವ ನಿಯಮವೂ ರೋಗಿಯನ್ನು ಮಧ್ಯಾಹ್ನಕ್ಕೆ ಮನೆಗೆ ಕಳಿಸುವುದಿಲ್ಲ. ಕೋರ್ಸಿನ ಕೊನೆಯ ಪ್ರಾಜೆಕ್ಟಿಗೆ ಇದನ್ನೇ ಹಿಡಿದೆ. ನಾಳೆ ಹೊರಡುವವರ ಪಟ್ಟಿ ಹಿಂದಿನ ಸಂಜೆ 6ಕ್ಕೇ ತಯಾರು, ಸಮರಿ ರಾತ್ರಿಯೇ ಟೈಪ್, ಬೆಳಿಗ್ಗೆ 9ರಿಂದ 1ರವರೆಗೆ ಫೈಲಿಗಾಗಿಯೇ ಒಬ್ಬ ಅಟೆಂಡರ್. ಆ ಒಬ್ಬರ ಸಂಬಳ ಕೇಳಿದಾಗ ಈ ಸಲ ನನ್ನ ಕೈಯಲ್ಲಿ ಅಂಕಿ ಇತ್ತು. ಎರಡೇ ಮೀಟಿಂಗಿನಲ್ಲಿ ಒಪ್ಪಿಗೆ ಸಿಕ್ಕಿತು. ಈಗ ನಮ್ಮಲ್ಲಿ ಕೈಯಿಂದ ಬಿಲ್ ಕಟ್ಟುವವರು ಹೆಚ್ಚಿನ ದಿನ ಊಟದ ಹೊತ್ತಿಗೆ ಹೊರಟಿರುತ್ತಾರೆ. ಇನ್ಶೂರೆನ್ಸ್‌ನವರದ್ದು ಮಧ್ಯಾಹ್ನ 3ರ ಆಸುಪಾಸು.

ಆದರೆ ನಾನು ಇನ್‌ಚಾರ್ಜ್ ಸಿಸ್ಟರ್ ಆಗಿದ್ದಾಗಲೇ ಈ ಆನ್‌ಲೈನ್ ಕೋರ್ಸು ಮಾಡಿದ್ದರೆ? ಒಂದು ರೂಪಾಯಿ ಖರ್ಚು ಮಾಡುವ ಅಧಿಕಾರ ಇಲ್ಲದವಳು ಬಜೆಟ್ ಕಲಿತು ಏನು ಮಾಡಬೇಕಿತ್ತು? ಕೊನೆಗೆ ಸಿಗುವುದು ಸರ್ಟಿಫಿಕೇಟ್, ಪದವಿ ಅಲ್ಲ. ಇದನ್ನು ಮಾರುವವರು ಫೋನಿನಲ್ಲಿ ಈ ಮಾತನ್ನು ಮೆಲ್ಲಗೆ ದಾಟಿಸಿಬಿಡುತ್ತಾರೆ, ನೀವೇ ಬಿಡಿಸಿ ಕೇಳಿ.

ಹಾಗಾಗಿ ನನ್ನ ಉತ್ತರ ಕೇಳುವವರ ಮೇಲೆ ಹೋಗುತ್ತದೆ. ಈಗಾಗಲೇ ವಾರ್ಡು ಅಥವಾ ವಿಭಾಗ ಕೈಯಲ್ಲಿದ್ದು, ಮನೆಯ ಜವಾಬ್ದಾರಿಯೂ ಇದ್ದರೆ ಡಿಪ್ಲೊಮಾ. ಆಸ್ಪತ್ರೆಯ ಅನುಭವವೇ ಇಲ್ಲದಿದ್ದರೆ, ಇಲ್ಲ ನನ್ನ ಹಾಗೆ ಸಾಲು ಬದಲಾಯಿಸಬೇಕಿದ್ದರೆ, ಪೂರ್ಣಾವಧಿ ಎಂಎಚ್‌ಎ, ಅದೂ ಒಳ್ಳೆ ಪೋಸ್ಟಿಂಗ್ ಇರುವ ಕಡೆ. ಸಹಿ ಹಾಕುವ ಕುರ್ಚಿಯಲ್ಲಿ ಕೂತ ಮೇಲೆ ಆನ್‌ಲೈನ್. ಒಂದನ್ನೇ ಆರಿಸು ಅಂದರೆ ನಾನು ಇವತ್ತಿಗೂ ಎಂಎಚ್‌ಎ ಅನ್ನುತ್ತೇನೆ.

2022ರಿಂದ ಯುಜಿಸಿ ಒಟ್ಟಿಗೆ ಎರಡು ಪದವಿ ಓದಲು ಬಿಟ್ಟಿದೆ. ಒಂದು ಕಾಲೇಜಿಗೆ ಹೋಗಿ, ಇನ್ನೊಂದು ದೂರಶಿಕ್ಷಣದಲ್ಲಿ ಮಾಡಬಹುದು. ಪೋಸ್ಟಿಂಗ್ ಇರುವ ಓದಿನ ಜೊತೆ ಇದನ್ನು ಮಾಡಬೇಡಿ, ಎರಡೂ ಅರ್ಧ ಆಗುತ್ತವೆ. ಇನ್ನೊಂದು ವಿಷಯ. ಆರೋಗ್ಯಕ್ಕೆ ಸಂಬಂಧಪಟ್ಟ ಕೆಲವು ವಿಷಯಗಳನ್ನು ದೂರಶಿಕ್ಷಣ, ಆನ್‌ಲೈನ್‌ನಲ್ಲಿ ನಡೆಸುವುದನ್ನು ಯುಜಿಸಿ 2025ರಲ್ಲಿ ನಿಲ್ಲಿಸಿದೆ. ದುಡ್ಡು ಕಟ್ಟುವ ಮೊದಲು ನೀವು ಸೇರುವ ಕೋರ್ಸು, ಆ ವರ್ಷಕ್ಕೆ, ಯುಜಿಸಿಯ ದೂರಶಿಕ್ಷಣ ಬ್ಯೂರೋದ ಪಟ್ಟಿಯಲ್ಲಿ ಇದೆಯಾ ಅಂತ ಕಣ್ಣಾರೆ ನೋಡಿಕೊಳ್ಳಿ.

ಹೋದ ವಾರ ನಮ್ಮ ಎರಡನೇ ಮಹಡಿಯ ಇನ್‌ಚಾರ್ಜ್ ಸಿಸ್ಟರ್ ಡಿಪ್ಲೊಮಾದ ಅರ್ಜಿ ಹಿಡಿದುಕೊಂಡು ನನ್ನ ರೂಮಿಗೆ ಬಂದರು. ಅನುಭವ ಪತ್ರಕ್ಕೆ ಸಹಿ ಬೇಕಿತ್ತು. ಸಹಿ ಹಾಕಿ, ಡ್ಯೂಟಿ ರೋಸ್ಟರ್ ತರಿಸಿ, ಅವರ ಭಾನುವಾರದ ಡ್ಯೂಟಿಗಳನ್ನೆಲ್ಲ ನಾನೇ ಪೆನ್ಸಿಲಿನಲ್ಲಿ ಬೇರೆ ದಿನಕ್ಕೆ ಬದಲಾಯಿಸಿದೆ.